ಡ್ರೆಜ್ ಮುಗಿಸಿದೆ, ಇನ್ನು ಯಾವುದು?

ಪಡುಗಾಳಿ (ಮಲ್ಪೆ)

ಕಡಲು, ದೋಣಿ, ಮೀನು ಇರುವ ಕಂಪ್ಯೂಟರ್ ಆಟಗಳಲ್ಲಿ ಮುಂದಿನದ್ದು ಯಾವುದು ಆಡಲಿ ಹೇಳಿ ಮಾರಾಯ್ರೇ. ಮೊನ್ನೆ ‘ಡ್ರೆಜ್’ ಮುಗಿಯಿತು. ‘ಡೇವ್ ದ ಡೈವರ್’ ಮತ್ತೆ ‘ರಿಟರ್ನ್ ಆಫ್ ದ ಓಬ್ರಾ ಡಿನ್’ ಎರಡನ್ನೂ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಗುರುತು ಹಾಕಿಟ್ಟಿದ್ದೇನೆ. ಈಗ ಬೋಟೆಲ್ಲ ಧಕ್ಕೆಯಲ್ಲಿ ಕಟ್ಟಿದ್ದಾಗಿದೆ, ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ನಿಷೇಧ. ನಮ್ಮ ಮನೆಯದ್ದೊಂದು ಆಳಸಮುದ್ರ ಬೋಟು, ಅದರ ಲೆಕ್ಕ ಬರೆಯುವವ ನಾನು. ಆಗಸ್ಟ್ ಬಂತೆಂದರೆ ನನಗೆ ತಲೆ ತುರಿಸಿಕೊಳ್ಳಲಿಕ್ಕೂ ಪುರುಸೊತ್ತಿಲ್ಲ. ಹಾಗಾಗಿ ಒಂದೇ ಹೇಳಿ, ಆದರೆ ಯಾಕೆ ಅಂತಲೂ ಹೇಳಿ.

ಡ್ರೆಜ್ ಬಗ್ಗೆ ನನ್ನ ಅನಿಸಿಕೆ ಬರೆಯುತ್ತೇನೆ, ಅದನ್ನು ನೋಡಿದರೆ ನನಗೆ ಎಂತದು ಹಿಡಿಸುತ್ತದೆ ಅಂತ ನಿಮಗೂ ಗೊತ್ತಾಗಬಹುದು. 2023ರಲ್ಲಿ ಬಂದ ಆಟ ಇದು, ಮಾಡಿದ್ದು ನ್ಯೂಜಿಲೆಂಡಿನ ಬ್ಲ್ಯಾಕ್ ಸಾಲ್ಟ್ ಗೇಮ್ಸ್ ಎಂಬ ಸಣ್ಣ ತಂಡ. ದೋಣಿ ಒಡೆದು ಗ್ರೇಟರ್ ಮ್ಯಾರೋ ಎಂಬ ದ್ವೀಪದ ಊರಿಗೆ ಬಂದು ಬೀಳುವ ಒಬ್ಬ ಮೀನುಗಾರ ನೀವು. ಊರಿನ ಮೇಯರ್ ಹಳೆಯ ದೋಣಿಯೊಂದನ್ನು ಸಾಲಕ್ಕೆ ಕೊಡುತ್ತಾನೆ. ಮೀನು ಮಾರಿದಾಗೆಲ್ಲ ಬಂದ ದುಡ್ಡಿನಲ್ಲಿ ಒಂದು ಪಾಲು ತನ್ನಿಂತಾನೇ ಸಾಲಕ್ಕೆ ಕಡಿದುಹೋಗುತ್ತದೆ. ಇದನ್ನು ನೋಡಿದ ಕೂಡಲೇ ‘ಓಹೋ, ಇವರಿಗೆ ವಿಷಯ ಗೊತ್ತುಂಟು’ ಅಂದುಕೊಂಡೆ.

ಹಗಲು ಮೀನು ಹಿಡಿಯಬೇಕು, ಕತ್ತಲಾಗುವ ಮೊದಲು ದಡ ಸೇರಬೇಕು. ರಾತ್ರಿ ಹೊರಗೆ ಇದ್ದರೆ ಮಂಜು ಕವಿಯುತ್ತದೆ, ಪರದೆಯ ಮೇಲ್ಭಾಗದಲ್ಲಿ ಒಂದು ಕಣ್ಣು ತೆರೆದು ಅತ್ತಿತ್ತ ಹೊರಳಲಿಕ್ಕೆ ಶುರು ಮಾಡುತ್ತದೆ. ಅದು ನಿಮ್ಮ ಗಾಬರಿಯ ಅಳತೆ. ಗಾಬರಿ ಹೆಚ್ಚಿದಷ್ಟೂ ಇಲ್ಲದ ಬಂಡೆಗಳು ಎದುರಿಗೆ ಏಳುತ್ತವೆ. ಹಿಡಿದಿಟ್ಟ ಮೀನನ್ನು ಕಾಗೆಗಳು ಬಂದು ಕದಿಯುತ್ತವೆ (ನಮ್ಮ ಧಕ್ಕೆಯಲ್ಲಿ ಅದಕ್ಕೆ ರಾತ್ರಿಯೂ ಬೇಡ, ಗಾಬರಿಯೂ ಬೇಡ).

ಈ ಆಟದ ಜೀವ ಇರುವುದು ರಾಕ್ಷಸರಲ್ಲಿ ಅಲ್ಲ, ಗಡಿಯಾರದಲ್ಲಿ. ದೋಣಿ ನಿಂತರೆ ಗಡಿಯಾರವೂ ನಿಲ್ಲುತ್ತದೆ. ಚಲಿಸಿದರೆ, ಮೀನು ಹಿಡಿದರೆ ಮಾತ್ರ ಹೊತ್ತು ಸರಿಯುತ್ತದೆ. ಒಂದು ಸಂಜೆ ಹೀಗಾಯಿತು: ಗೇಲ್ ಕ್ಲಿಫ್ಸ್ ಎಂಬ ಕಡೆಯ ಕಲ್ಲುಗೋಡೆಗಳ ನಡುವೆ ಇದ್ದೇನೆ, ಬೆಳಕು ಕೆಂಪಾಗಿದೆ, ದೋಣಿಯ ಚೌಕಗಳಲ್ಲಿ ಒಂದು ಉದ್ದ ಮೀನಿಗೆ ಆಗುವಷ್ಟು ಜಾಗ ಉಳಿದಿದೆ. ಹಿಡಿದ ಮೀನನ್ನು ತಿರುಗಿಸಿ ಆ ಚೌಕಗಳಲ್ಲಿ ಹೊಂದಿಸಿಡಬೇಕು, ಅದೇ ಒಂದು ಆಟ. ಪಕ್ಕದಲ್ಲೇ ನೀರು ಗುಳುಗುಳು ಎನ್ನುತ್ತಿದೆ. ದೋಣಿ ನಿಲ್ಲಿಸಿದ್ದರಿಂದ ಯೋಚಿಸಲಿಕ್ಕೆ ಬೇಕಾದಷ್ಟು ಸಮಯ ಉಂಟು, ಯಾರೂ ಅವಸರ ಮಾಡುತ್ತಿಲ್ಲ. ಹೋಗುವುದೇ ಸರಿ ಅಂತ ಗೊತ್ತಿದ್ದೂ ಗಾಳ ಹಾಕಿದೆ. ಹೆದರಿಸಿ ಮಾಡಿಸಿದ ತಪ್ಪಲ್ಲ ಅದು, ಆಸೆಬುರುಕತನ. ಹೆದರಿಕೆಯ ಆಟ ಅಂತ ಮಾರಿದ್ದಾರೆ, ನಿಜವಾಗಿ ಇದು ದುರಾಸೆಯ ಆಟ.

ಇನ್ನು ಬೈಗುಳ. ಎಂಜಿನ್ ಉಂಟು, ಡೀಸೆಲ್ ಖರ್ಚಿಲ್ಲ! ಮೂಲ ಆಟದಲ್ಲಿ ಮೀನು ಹಳಸುತ್ತದೆ, ಆದರೆ ಹೊರಡುವಾಗ ಐಸ್ ತುಂಬಿಸಿಕೊಳ್ಳುವುದು ಅಂತ ಇಲ್ಲ. ಏಲಂ ಇಲ್ಲ. ಒಂದೇ ಜಾತಿಯ ಮೀನನ್ನು ದಿನವೂ ರಾಶಿ ಹಾಕಿದರೂ ಅಂಗಡಿಯವ ಅದೇ ರೇಟು ಕೊಡುತ್ತಾನೆ. ಮಲ್ಪೆಯಲ್ಲಿ ಎಲ್ಲ ಬೋಟಿಗೂ ಒಟ್ಟಿಗೇ ಬಂಗುಡೆ ಬಿದ್ದರೆ ಎಂತಾಗುತ್ತದೆ ಅಂತ ಮೀನು ತಿನ್ನುವವರಿಗೆಲ್ಲ ಗೊತ್ತು. ಮೊದಲ ಕೆಲವು ಗಂಟೆಯಲ್ಲಿ ಸಾಲ ತೀರುತ್ತದೆ, ಆಮೇಲೆ ದುಡ್ಡು ಬರುತ್ತಲೇ ಇರುತ್ತದೆ. ದುಡ್ಡಿನ ಬಿಸಿ ಹೋದ ಮೇಲೆ ರಾತ್ರಿಯ ಬಿಸಿಯೂ ಹೋಯಿತು. ಟ್ವಿಸ್ಟೆಡ್ ಸ್ಟ್ರ್ಯಾಂಡ್ ಅಂತ ಒಂದು ಜಾಗ ಉಂಟು, ಪೂರ್ತಿ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಜಾಲ. ಸಾಲಿಗ್ರಾಮದ ಹತ್ತಿರ ಪಾರಂಪಳ್ಳಿ ಹಿನ್ನೀರಿನಲ್ಲಿ ಕಯಾಕ್ ಹೊಡೆದವರಿಗೆ ನೋಡಿದ ಕೂಡಲೇ ಗುರುತು ಸಿಗುತ್ತದೆ. ಅಲ್ಲಿಗೆ ಮುಟ್ಟುವಾಗ ಗಾಳದ ಗುಂಡಿ ಒತ್ತುವ ಕೆಲಸ ನನಗೆ ಬೇಜಾರು ಬಂದಿತ್ತು. ಕೊನೆ ಎರಡು ಬಗೆಯದ್ದುಂಟು, ಹೇಳುವುದಿಲ್ಲ. ಎರಡೂ ಸ್ವಲ್ಪ ಗಡಿಬಿಡಿಯದ್ದು ಅನ್ನಿಸಿತು.

ಹೀಗಿದ್ದೂ ಮುಗಿಸದೆ ಬಿಡಲಿಕ್ಕೆ ಆಗಲಿಲ್ಲ. ನೀವೆಲ್ಲ ಇತ್ತೀಚೆಗೆ ಮುಗಿಸಿದ್ದು ಯಾವುದು?

ರಾತ್ರಿಪಾಳಿ (ಕದ್ರಿ)

ಓಬ್ರಾ ಡಿನ್ ಆಡಿ. ನಾನು ಕಳೆದ ವಾರ ಮುಗಿಸಿದೆ, ಇನ್ನೂ ತಲೆಯಿಂದ ಇಳಿದಿಲ್ಲ.

2018ರ ಆಟ, ಲೂಕಸ್ ಪೋಪ್ ಎಂಬವರದ್ದು. ‘ಪೇಪರ್ಸ್, ಪ್ಲೀಸ್’ ಮಾಡಿದ್ದೂ ಅವರೇ. 1802ರಲ್ಲಿ ಲಂಡನ್‌ನಿಂದ ಪೂರ್ವ ದೇಶಗಳಿಗೆ ಹೊರಟ ಹಡಗು ಕಾಣೆಯಾಗುತ್ತದೆ, 1807ರಲ್ಲಿ ಜನರೇ ಇಲ್ಲದೆ ಫಾಲ್ಮತ್ ಬಂದರಿಗೆ ತೇಲಿ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವಿಮೆಯ ಲೆಕ್ಕ ನೋಡಲು ಹಡಗು ಹತ್ತುವವರು ನೀವು. ಪಟ್ಟಿಯಲ್ಲಿ 60 ಜನ. ಪ್ರತಿಯೊಬ್ಬರದ್ದೂ ಹೆಸರು ಯಾವುದು, ಗತಿ ಏನಾಯಿತು, ಕೊಂದವರು ಯಾರು ಅಂತ ಬರೆಯಬೇಕು. ಕೈಯಲ್ಲಿ ಒಂದು ಕಿಸೆ ಗಡಿಯಾರ. ಹೆಣದ ಎದುರು ತೆರೆದರೆ ಅವರು ಸತ್ತ ಗಳಿಗೆಗೆ ಹೋಗಿ ನಿಲ್ಲುತ್ತೀರಿ, ಎಲ್ಲ ಅಲುಗಾಡದೆ ನಿಂತಿರುತ್ತದೆ, ಸುತ್ತ ನಡೆದು ನೋಡಬಹುದು.

ಪಡುಗಾಳಿಯವರು ಲೆಕ್ಕ ಬರೆಯುವವರಾದ್ದರಿಂದ ಹೇಳುತ್ತೇನೆ, ಇದು ಪೂರಾ ದಾಖಲೆ ನೋಡುವ ಕೆಲಸ. ಒಂದು ದೃಶ್ಯದಲ್ಲಿ ಕೆಳಗಿನ ಅಂತಸ್ತಿನಲ್ಲಿ ಕಲಾಸಿಗಳು ಸಾಲಾಗಿ ಕಟ್ಟಿದ ಜೋಲಿಗಳಲ್ಲಿ ಮಲಗಿದ್ದಾರೆ. ನಾನು ಅಲ್ಲಿ ಸತ್ತವರನ್ನು ಮಾತ್ರ ನೋಡಿ ಮುಂದೆ ಹೋಗಿದ್ದೆ. ಎಷ್ಟೋ ಹೊತ್ತಿನ ಮೇಲೆ ಪುನಃ ಹೋದಾಗ ಕಂಡಿತು, ಪ್ರತಿ ಜೋಲಿಗೂ ಒಂದೊಂದು ನಂಬರ್ ಚೀಟಿ! ಆ ನಂಬರು ಹೆಸರುಪಟ್ಟಿಯ ನಂಬರು. ಹೊದಿಕೆಯ ಹೊರಗೆ ಚಾಚಿದ ಕಾಲುಗಳನ್ನು ನೋಡಿ, ಅದೇ ಬೂಟು ಹಾಕಿದವನನ್ನು ಇನ್ನೊಂದು ದೃಶ್ಯದಲ್ಲಿ ಹುಡುಕಿ ಹಿಡಿದೆ. ಬೆಳಗಿನ ಜಾವ ಒಬ್ಬಳೇ ಕೂತು ಚಪ್ಪಾಳೆ ಹೊಡೆದದ್ದು ಪಕ್ಕದ ಕೋಣೆಯ ಅಮ್ಮನಿಗೂ ಕೇಳಿತು.

ಆಟ ನಿಮ್ಮನ್ನು ಕೈಹಿಡಿದು ನಡೆಸುವುದಿಲ್ಲ. ಮೂರು ಜನರದ್ದು ಸರಿಯಾದ ಮೇಲೆಯೇ ‘ಸರಿ’ ಅನ್ನುತ್ತದೆ, ಹಾಗಾಗಿ ಕಣ್ಣುಮುಚ್ಚಿ ಗುಂಡು ಹೊಡೆದರೆ ಪ್ರಯೋಜನ ಕಡಿಮೆ.

ನನಗೆ ಕಷ್ಟ ಆದದ್ದು ಮಾತಿನ ರಾಗ. ಐರಿಶ್, ಸ್ಕಾಟಿಷ್, ವೆಲ್ಷ್ ಅಂತ ರಾಗದಲ್ಲೇ ಗುರುತು ಹಿಡಿಯಬೇಕಾದ ಕಡೆ ಉಂಟು. ಕುಂದಾಪುರದವರು ಯಾರು, ಸುಳ್ಯದವರು ಯಾರು ಅಂತ ಒಂದು ವಾಕ್ಯದಲ್ಲಿ ಹೇಳಿಯೇನು, ಆದರೆ ಇದು ನನ್ನ ಕೈಯಲ್ಲಿ ಆಗಲಿಲ್ಲ, ಬೇರೆ ದಾರಿಯಿಂದ ಬಿಡಿಸಿದೆ. ಪಟ್ಟಿಯಲ್ಲಿ ಭಾರತದ ಕಲಾಸಿಗಳೂ ಇದ್ದಾರೆ. ಕತೆಯಲ್ಲಿ ಅವರಿಗೆ ಮಾತು ಕಡಿಮೆ, ನನಗೆ ಅದು ಬೇಸರವೇ. ಆದರೂ ಅಧಿಕಾರಿಯಷ್ಟೇ ಗಮನ ಕೊಟ್ಟು ಅವರ ಮುಖವನ್ನೂ ನೋಡದೆ ಲೆಕ್ಕ ಮುಗಿಯುವುದಿಲ್ಲ, ಅದು ನನಗೆ ಹಿಡಿಸಿತು.

ಎಂಡ್‌ಪಾಯಿಂಟ್ (ಮಣಿಪಾಲ)

ಅಣ್ಣಾ, ನೀವು ಹೇಳಿದ ಎಲ್ಲ ಕೊರತೆಗೂ ಮದ್ದು ಡೇವ್‌ನಲ್ಲಿದೆ. ಹಗಲು ಬ್ಲೂ ಹೋಲ್ ಎಂಬಲ್ಲಿ ಮುಳುಗಿ ಮೀನು ಹಿಡಿಯುವುದು, ರಾತ್ರಿ ಸುಶಿ ಹೋಟೆಲ್ ನಡೆಸುವುದು. ಆಮ್ಲಜನಕವೇ ಜೀವ, ಮೀನು ಕಚ್ಚಿದರೆ ಅದೇ ಇಳಿಯುತ್ತದೆ. ಹೊರೆ ಹೆಚ್ಚಾದರೆ ಈಜು ನಿಧಾನ. ಈಟಿ ಹೊಡೆದು ಕೊಂದ ಮೀನಿಗಿಂತ ಜೀವಂತ ಹಿಡಿದದ್ದರಲ್ಲಿ ಮಾಂಸ ಜಾಸ್ತಿ ಸಿಗುತ್ತದೆ. ಅಡುಗೆ ಹೆಚ್ಚು ಮಾಡಿಟ್ಟರೆ ರಾತ್ರಿ ಕೊನೆಗೆ ಬಿಸಾಡಬೇಕು, ಕಡಿಮೆ ಮಾಡಿದರೆ ಗಿರಾಕಿ ಎದ್ದು ಹೋಗುತ್ತಾನೆ. ಚಹಾ ಲೋಟಕ್ಕೆ ಸರಿಯಾದ ಗೆರೆಯ ತನಕ ನೀವೇ ಸುರಿಯಬೇಕು, ತುಳುಕಿದರೆ ಟಿಪ್ಸ್ ಹೋಯಿತು. ನನಗೆ ಕಡಲಿಗಿಂತ ಆ ಹೋಟೆಲೇ ಇಷ್ಟ.

ಇನ್ನೊಂದು, ಡೇವ್ ಒಳಗೆ ಡ್ರೆಜ್‌ನದ್ದೇ ಒಂದು ಉಚಿತ ಭಾಗ ಉಂಟು, 2023ರ ಡಿಸೆಂಬರ್‌ನಲ್ಲಿ ಬಂದದ್ದು. ಮಂಜು ಕವಿದ ರಾತ್ರಿ ಇಳಿದು ಆ ವಿಕಾರ ಮೀನುಗಳನ್ನು ಹಿಡಿದು ಸುಶಿ ಮಾಡಬಹುದು.

ತಕರಾರು ಇಲ್ಲವೆಂದಲ್ಲ. ಅರ್ಧ ದಾಟಿದ ಮೇಲೆ ಮೀನು ಸಾಕಣೆ, ಗದ್ದೆ, ಸಮುದ್ರದಡಿಯ ಊರು, ಕಡಲಕುದುರೆ ಓಟ ಅಂತ ಒಂದರ ಮೇಲೊಂದು ಪೇರಿಸುತ್ತಾರೆ. ಮತ್ತೆ ಇದನ್ನು 2023ರ ಗೇಮ್ ಅವಾರ್ಡ್ಸ್‌ನಲ್ಲಿ ‘ಸ್ವತಂತ್ರ ಆಟ’ದ ಪಟ್ಟಿಗೆ ಸೇರಿಸಿದ್ದು ತಮಾಷೆಯೇ. ಮಾಡಿದ ಮಿಂಟ್‌ರಾಕೆಟ್ ಕೊರಿಯಾದ ನೆಕ್ಸಾನ್ ಎಂಬ ದೊಡ್ಡ ಕುಳದ್ದು.

ಹ್ವಾಯ್‌ಮರ್ರೆ (ಕುಂದಾಪುರ)

ಹ್ವಾಯ್ ಪಡುಗಾಳಿ, ಡೀಸೆಲ್ ಲೆಕ್ಕ ಬರೂಕೆ ನಿಮ್ಗ್ ಆಟ ಬೇಕಾ? ದಿನಾ ಅದನ್ನೇ ಮಾಡಿ, ರಾತ್ರಿ ಕಂಪ್ಯೂಟ್ರ್ ಎದ್ರ್ ಕೂಕಂಡ್ ಮತ್ತದನ್ನೇ ಮಾಡೂದಾ? ಡ್ರೆಜ್‌ನಲ್ಲಿ ನಂಗೆ ಖುಷಿ ಆದ್ದೇ ಅದ್, ತಲೆಬಿಸಿ ಇಲ್ದೇ ದೋಣಿ ಬಿಡೂಕ್ ಆತ್ತ್.

ನಾನ್ ಮುಗ್ಸಿದ್ದ್ ‘ರಾಜಿ’. ಪುಣೆಯವ್ರ್ ಮಾಡದ್ದ್, 2020ರದ್ದ್. ತಮ್ಮನ್ನ್ ಹುಡುಕ್ಕಂಡ್ ಹೋಪು ಹೆಣ್ಣಿನ್ ಕತೆ. ನಡು ನಡು ಕತೆ ಹೇಳೂದ್ ತೊಗಲುಗೊಂಬೆ ತರ, ಭಾರಿ ಚಂದ. ಹೊಡೆದಾಟ ಸಾಧಾರಣ. ಕಡೆಗ್ ದಿಢೀರ್ ಅಂದ್ ಮುಗ್ದ್ ಹೋಯ್ತ್, ಯಕ್ಷಗಾನ ನಡುರಾತ್ರಿಯಲ್ಲೇ ಮಂಗಳ ಹಾಡ್ದಂಗೆ.

ಪಡುಗಾಳಿ

@ಹ್ವಾಯ್‌ಮರ್ರೆ: ಡೀಸೆಲ್ ಬಿಲ್ಲು ಬರೆಯುವ ಆಸೆ ನನಗೂ ಇಲ್ಲ ಮಾರಾಯ್ರೇ. ನಾನು ಹೇಳಿದ್ದು, ಸಾಲ ಇಟ್ಟವರು ಖರ್ಚನ್ನೂ ಇಡಬೇಕಿತ್ತು ಅಂತ. ನಮ್ಮಲ್ಲಿ ಬೋಟು ಬಂದ ಮೇಲೆ ಡೀಸೆಲ್, ಐಸ್ ಕಳೆದು ಉಳಿದದ್ದರಲ್ಲಿ ಪಾಲು. ಖಾಲಿ ಬಂದರೂ ಡೀಸೆಲ್ ಸುಟ್ಟಾಗಿರುತ್ತದೆ. ‘ಇನ್ನೊಂದು ಬಲೆ ಹಾಕುವ’ ಅಂತ ಬೋಟು ನಡೆಸುವ ತಂಡೇಲ ಹೇಳುವುದು ಅದಕ್ಕೇ, ದುರಾಸೆಗೆ ಮಾತ್ರ ಅಲ್ಲ. ಆಟದಲ್ಲಿ ಖಾಲಿ ಬಂದರೆ ಏನೂ ನಷ್ಟವಿಲ್ಲ. ಹಾಗಾಗಿ ಸಾಲ ತೀರಿದ ಮೇಲೆ ರಾತ್ರಿಗೆ ಮಾತ್ರ ಸಿಗುವ ಮೀನು ಬೇಕೆಂದಾದರೆ ಹೊರಗಿರುತ್ತೇನೆ, ಇಲ್ಲದಿದ್ದರೆ ದಡದಲ್ಲಿ ಕಟ್ಟಿ ಮಲಗುತ್ತೇನೆ. ಹೆದರಿಕೆ ಎಲ್ಲಿಂದ ಬರಬೇಕು?

ಕಡಲಿನ ಹೆದರಿಕೆಯೂ ಅದಲ್ಲ. ಇಲ್ಲಿ ದೋಣಿ ಮಗುಚುವುದು ಹೆಚ್ಚಾಗಿ ಅಳಿವೆ ಬಾಗಿಲಲ್ಲಿ, ಮನೆಯವರಿಗೆ ಕಾಣುವಷ್ಟು ಹತ್ತಿರದಲ್ಲಿ. ಹೂಳು ತುಂಬಿದ ಕಡೆ ತೆರೆ ಒಡೆಯುತ್ತದೆ. ಡ್ರೆಜ್‌ನಲ್ಲಿ ಬಂದರು ಮುಟ್ಟಿದರೆ ಮುಗಿಯಿತು, ಬಂದರಿನ ಬಾಯಿಯೇ ಅಪಾಯ ಎಂಬುದು ಅವರಿಗೆ ಹೊಳೆದ ಹಾಗೆ ಕಾಣುವುದಿಲ್ಲ. ಆದರೆ ರಾತ್ರಿ ಏಳುವ ಬಂಡೆಗಳಿಗೆ ಪೂರ್ತಿ ಅಂಕ ಕೊಡುತ್ತೇನೆ.

@ಎಂಡ್‌ಪಾಯಿಂಟ್: ಮೀನು ಹಸಿ ತಿನ್ನುವ ಹೋಟೆಲನ್ನು ನಮ್ಮಮ್ಮ ನೋಡಿದರೆ ಲ್ಯಾಪ್‌ಟಾಪ್ ಹೊರಗೆ ಬಿಸಾಡಿಯಾರು. ಬಂಗುಡೆ ಪುಳಿಮುಂಚಿ ಮೆನುವಿನಲ್ಲಿ ಬಂದ ದಿನ ಹೇಳಿ. ಆದರೂ ಉಳಿದ ಅಡುಗೆ ಬಿಸಾಡುವ ಲೆಕ್ಕ ಇಟ್ಟದ್ದು ಒಳ್ಳೆಯದಾಯಿತು. ಅದು ಮುಂದಿನ ಮಳೆಗಾಲಕ್ಕೆ ಇರಲಿ.

@ರಾತ್ರಿಪಾಳಿ: ಜೋಲಿಯ ನಂಬರ್ ಹೇಳಿಬಿಟ್ಟಿರಲ್ಲ ಅಕ್ಕ! ಇರಲಿ, ಅದನ್ನು ಓದಿದ ಮೇಲೆಯೇ ಮನಸ್ಸು ಮಾಡಿದ್ದು. ಕೊನೆಗೆ ಆ ವಿಮೆ ಲೆಕ್ಕದಿಂದ ಎಂತದಾದರೂ ಆಗುತ್ತದಾ, ಬರೇ ಪುಸ್ತಕ ತುಂಬಿಸುವುದಾ? ಮತ್ತೆ ಆ ಚುಕ್ಕೆ ಚುಕ್ಕೆ ಕಪ್ಪುಬಿಳುಪು ನೋಡಿದರೆ ಕಣ್ಣು ನೋಯುವುದಿಲ್ವಾ?

ರಾತ್ರಿಪಾಳಿ (ಕದ್ರಿ)

ಆಗುತ್ತದೆ. ನೀವು ಬರೆದದ್ದರ ಮೇಲೆ ಕಂಪನಿ ಯಾರ ಮನೆಯವರಿಗೆ ಪರಿಹಾರ, ಯಾರಿಗೆ ದಂಡ ಅಂತ ತೀರ್ಮಾನಿಸುತ್ತದೆ. ಆ ಕಾಗದ ಓದುವಾಗ ನನಗೆ ಸಿಟ್ಟು ಬಂದದ್ದೇ ಹೆಚ್ಚು.

ಕಣ್ಣಿಗೆ ಮೊದಲು ಸ್ವಲ್ಪ ಕಷ್ಟವೇ. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಮಾನಿಟರುಗಳ ಬಣ್ಣ ಆರಿಸಬಹುದು, ಮ್ಯಾಕಿಂಟಾಷ್, ಐಬಿಎಂ, ಕಮೊಡೋರ್ ಅಂತೆಲ್ಲ ಉಂಟು. ಮ್ಯಾಕಿಂಟಾಷ್‌ನದ್ದು ನನಗೆ ಒಗ್ಗಿತು. ಕೋಣೆಯ ದೀಪ ಆರಿಸಬೇಡಿ. ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಯೂಟ್ಯೂಬ್ ನೋಡಲಿಕ್ಕೆ ಹೋಗಬೇಡಿ. ಒಂದು ಸಲ ಉತ್ತರ ಗೊತ್ತಾದರೆ ಎರಡನೇ ಸಲ ಆಡುವ ಆಟವಲ್ಲ ಅದು. ಜೋಲಿಯದ್ದು ಹೇಳಿದ್ದಕ್ಕೆ ಹೆದರಬೇಡಿ, ಅದು ಗೊತ್ತಿದ್ದರೂ ಬೆವರು ಇಳಿಯುತ್ತದೆ.

ಹ್ವಾಯ್‌ಮರ್ರೆ (ಕುಂದಾಪುರ)

ನನ್ ಅಣ್ಣನ್ ಮಗ ಕೇಂತ, ಇದ್ರಗೆ ಯಾವ್ದಾರೂ ಮೊಬೈಲಂಗೆ ಸಿಕ್ಕತ್ತಾ?

ಪಡುಗಾಳಿ

ಡ್ರೆಜ್ ಮೊಬೈಲಿಗೂ ಬಂದಿದೆ. ಆದರೆ ಮೀನು ತಿರುಗಿಸಿ ಚೌಕದಲ್ಲಿ ಕೂರಿಸಲಿಕ್ಕೆ ದೊಡ್ಡ ಪರದೆಯೇ ಒಳ್ಳೆಯದು, ಟ್ಯಾಬ್ ಇದ್ದರೆ ಅದರಲ್ಲಿ ಹಾಕಿಕೊಡಿ. ಹುಡುಗ ಸಣ್ಣವನಾದರೆ ಸಂಜೆ ಹೊತ್ತು ಕೊಡಬೇಡಿ, ಆ ಕಣ್ಣು ನೋಡಿ ರಾತ್ರಿ ನಿಮ್ಮನ್ನು ಎಬ್ಬಿಸಿಯಾನು.