ಚರ್ಚಿನ ಹಳೇ ಪೆಡಲ್ ಆರ್ಗನ್ ರಿಪೇರಿ ಮಾಡಿಸಲಾ, ಕೀಬೋರ್ಡ್ ತರಲಾ? ಅನುಭವ ಇದ್ದವರು ಹೇಳಿ

ಹೊಸಬ: ಉಡುಪಿ ಕಡೆ ನಮ್ಮದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಆರ್ಗನ್ ನುಡಿಸುತ್ತಿದ್ದ ಅಂಕಲ್ ಮಗಳ ಜೊತೆ ಇರಲು ದುಬೈಗೆ ಹೋದರು, ಕೆಲಸ ನನ್ನ ತಲೆಗೆ ಬಂತು. ಕಮಿಟಿ 45,000 ರೂಪಾಯಿ ಕೊಡುತ್ತದೆ. ಅದರಲ್ಲಿ ಹಳೇ ಪೆಡಲ್ ಆರ್ಗನ್ (ಕಾಲಲ್ಲಿ ತಿದಿ ಒತ್ತಿ ನುಡಿಸುವುದು) ರಿಪೇರಿ ಅಥವಾ ಹೊಸ ಕೀಬೋರ್ಡ್, ಎರಡರಲ್ಲಿ ಒಂದು. ಅಯ್ಯನವರು (ಪಾದ್ರಿ) ಹಾಡಿನ ನಂಬರ್ ಕೊಡುವುದು ಶನಿವಾರ ರಾತ್ರಿ. ನೀವೆಲ್ಲ ತಯಾರಿ ಹೇಗೆ ಮಾಡುತ್ತೀರಿ? ಮತ್ತೆ, ನುಡಿಸುವಾಗ ನನ್ನ ಗಮನವೆಲ್ಲ ಎಷ್ಟನೇ ಚರಣ ಅನ್ನುವುದರ ಮೇಲೇ ಇರುತ್ತದೆ. ಪ್ರಾರ್ಥನೆ ಆಗುವುದೇ ಇಲ್ಲ. ನಿಮಗೂ ಹೀಗೇನಾ?

ಪೆಡಲ್ ಪಕ್ಷ: ರಿಪೇರಿ ಮಾಡಿಸಿ, ಎರಡು ಮಾತಿಲ್ಲ. ನಮ್ಮದರ ತಿದಿಯನ್ನು ಇಲಿ ತಿಂದಿತ್ತು. ಹೊಸ ಚರ್ಮ, ಬಟ್ಟೆ, ಅಂಟು ಸೇರಿ 11,500. ಮುರಿದ ರೀಡು (ಗಾಳಿಗೆ ಅದುರಿ ಸದ್ದು ಮಾಡುವ ಹಿತ್ತಾಳೆ ಪಟ್ಟಿ) ಒಂದಕ್ಕೆ 350. ಟ್ಯೂನಿಂಗ್ 8,000. ಟೆಂಪೋ ಹೋಗಿ ಬರಲು 5,200, ಎತ್ತಿ ಇಳಿಸುವವರಿಗೆ 1,200 ಬೇರೆ. ಮಳೆಗಾಲಕ್ಕೆ ಮುಂಚೆ ಕೊಡುತ್ತೇನೆ ಅಂದವನು ಕೊಟ್ಟಿದ್ದು ಕ್ರಿಸ್ಮಸ್ ಮುಗಿದ ಮೇಲೆ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಆ ಪುಣ್ಯಾತ್ಮ ಎರಡೂ ಕಡೆ ಕೆರೆದಿದ್ದ, ಮತ್ತೆ ವಾಪಸ್ ಕಳಿಸಿದೆವು, ಮತ್ತೆ ಟೆಂಪೋ ಬಾಡಿಗೆ. ಮುಂದಿನ ಜುಲೈಯಲ್ಲಿ ಮರ ಉಬ್ಬಿ ಒಂದು ಮನೆ (ಕೀ) ಒತ್ತಿಕೊಂಡೇ ಉಳಿಯಿತು, ಅಯ್ಯನವರು ಪ್ರಸಂಗ ಶುರು ಮಾಡಿದರೂ ಅದು ಕೊಂಯ್ ಅಂತ ಕೂಗುತ್ತಲೇ ಇತ್ತು. ಇಷ್ಟೆಲ್ಲ ಆದರೂ ಹೇಳುತ್ತೇನೆ, ಆ ಉಸಿರಿರುವ ಸದ್ದು ಪ್ಲಾಸ್ಟಿಕ್ ಡಬ್ಬದಿಂದ ಬರುವುದಿಲ್ಲ.

ಟ್ರಾನ್ಸ್‌ಪೋಸ್ ತಮ್ಮ: ಪ್ಲಾಸ್ಟಿಕ್ ಡಬ್ಬ ಅಂತೆ! ಅಣ್ಣ, ನಿಮ್ಮ ಖರ್ಚಿಗೆ ಒಳ್ಳೆ ಕೀಬೋರ್ಡೇ ಬರುತ್ತಿತ್ತು. ನಮ್ಮದು 61 ಮನೆಯದು, 27,000. ಸ್ಟ್ಯಾಂಡ್ 1,800, ಸಸ್ಟೇನ್ ಪೆಡಲ್ 900. ಮೊದಲ ಸಿಡಿಲಿಗೆ ಅಡಾಪ್ಟರ್ ಹೋಯಿತು, 1,400. ಕರೆಂಟ್ ಕೈ ಕೊಡುತ್ತದೆ ಅಂತ ಇನ್ವರ್ಟರ್‌ಗೆ ಕಮಿಟಿ ಮುಂದೆ ಭಿಕ್ಷೆ ಬೇಡಿದ್ದು ಬೇರೆ ಕಥೆ. ಉಪ್ಪು ಗಾಳಿಗೆ ಮನೆಗಳ ಕೆಳಗಿನ ರಬ್ಬರ್ ಪಟ್ಟಿ ಕೆಟ್ಟಿತು, 3,200. ಆದರೆ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಒಂದಕ್ಕೇ ಎಲ್ಲಾ ವಸೂಲು. ಪುಸ್ತಕದಲ್ಲಿರುವ ಶ್ರುತಿಗೆ ಬೆಳಿಗ್ಗೆ 8ಕ್ಕೆ ನಮ್ಮ ಅಂಕಲ್‌ಗಳ ಗಂಟಲು ಏರುವುದಿಲ್ಲ. ಮೂರು ಮನೆಯಷ್ಟು ಶ್ರುತಿ ಇಳಿಸಿದೆ, ಗಂಡಸರ ಸಾಲಿನಿಂದ ಮೊದಲ ಸಲ ಸದ್ದು ಬಂತು. ಹಳೇ ಆರ್ಗನ್ ಇಂದಿನ ಶ್ರುತಿಗೆ ಸರಿಯಾಗಿ ಇರುವುದೇ ಅಪರೂಪ. ಗಿಟಾರ್ ಹುಡುಗರು ಪ್ರತಿ ವಾರ ತಂತಿ ತಿರುಗಿಸುತ್ತಾ ಕೂರಬೇಕಾ?

ಪೆಡಲ್ ಪಕ್ಷ: ಗಿಟಾರ್ ಇಲ್ಲದಿದ್ದರೆ ಆರಾಧನೆ ನಡೆಯುವುದಿಲ್ಲವಾ? ನಿಮ್ಮ ಚರ್ಚಿಗೆ ಬಂದಿದ್ದೆ ತಮ್ಮ. ಕಾಣಿಕೆ ಎತ್ತುವಾಗ ನೀನು ರಿದಮ್ ಹಾಕಿದ್ದೆ. ಆರತಕ್ಷತೆಗೆ ಬಂದೆನೋ ಅನಿಸಿತು.

ಧಾರವಾಡದ ಆಲ್ಟೊ: ವಾದ್ಯ ಯಾವುದಾದರೇನು, ಹಾಡು ಓದಿದ್ದೀರಾ ಮೊದಲು? ನಾನು ಶನಿವಾರ ರಾತ್ರಿ ಕೀಬೋರ್ಡ್ ಮುಟ್ಟುವುದಿಲ್ಲ. ಎಲ್ಲಾ ಚರಣ ಜೋರಾಗಿ ಓದುತ್ತೇನೆ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡ್‌ನಿಂದ ಬಂದ ಮಿಷನರಿ ಸಂಸ್ಥೆ) ಕಾಲದಿಂದ ಬಂದ ಜರ್ಮನ್ ರಾಗಗಳಲ್ಲಿ ಎಷ್ಟೋ ತಾಳದ ಪೆಟ್ಟು ಬೀಳುವ ಮುಂಚೆ ಒತ್ತಿಲ್ಲದ ಒಂದು ಸ್ವರದಿಂದ ಎತ್ತುತ್ತವೆ. ಕನ್ನಡದಲ್ಲಿ ಒತ್ತು ಬೀಳುವುದು ಮೊದಲ ಅಕ್ಷರಕ್ಕೆ. ಅದು ಆ ಒತ್ತಿಲ್ಲದ ಸ್ವರದಲ್ಲಿ ನುಂಗಿಹೋಗಿ ಎರಡನೇ ಅಕ್ಷರಕ್ಕೆ ಪೆಟ್ಟು ಬೀಳುತ್ತದೆ. ಅಂಥ ಕಡೆ ನಾನು ಮೊದಲ ಸ್ವರವನ್ನು ಸ್ವಲ್ಪ ಹಿಡಿದು ಬಿಡುತ್ತೇನೆ, ಜನ ತಾವಾಗಿ ಸರಿಹೋಗುತ್ತಾರೆ. ಅದೇ ಮಿಷನ್‌ನ ಕಿಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ಮಾತ್ರ ಗೊತ್ತು. ಆ ಮನುಷ್ಯ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ ಅಂತ ಬರೆದಿಟ್ಟರು. ಅದನ್ನು ಯಾರೂ ಮುಟ್ಟುವುದಿಲ್ಲ, ಆರ್ಗನ್ ಇಲಿ ಬಗ್ಗೆ ಪುರಾಣ ಹೇಳುತ್ತೀರಿ.

ಪ್ರಾರ್ಥನೆ ವಿಷಯ. ನಮ್ಮವರು ತೀರಿಕೊಂಡ ಮೇಲೆ ಒಂದು ವರ್ಷ ನನ್ನ ಬಾಯಿಂದ ಪ್ರಾರ್ಥನೆ ಹೊರಟಿಲ್ಲ. ನಂಬಿಕೆ ಇತ್ತಾ ಅಂತ ಕೇಳಿದರೆ ಉತ್ತರ ಇಲ್ಲ. ಮಣ್ಣು ಕೊಡುವ ಆರಾಧನೆಗಳಿಗೂ ಹೋಗಿ ನುಡಿಸುತ್ತಿದ್ದೆ. ಚರಣ ಎಣಿಸುತ್ತಿದ್ದೆ, ಅಷ್ಟೇ. ಹಿಂದೆ ಕೂತವರು ಹಾಡುತ್ತಿದ್ದರು, ಅವರ ನಂಬಿಕೆ ಮೇಲೆ ನನ್ನದು ಹೇಗೋ ನಡೆಯಿತು. ಎಣಿಸಿ ಹೊಸಬರೇ. ನೀವು ಎಣಿಕೆ ತಪ್ಪಿದರೆ ಅವರ ಪ್ರಾರ್ಥನೆ ಕೆಡುತ್ತದೆ.

ತಬಲಾ ಫ್ರಾನ್ಸಿಸ್ಕ: ನಾನು ಕಥೋಲಿಕ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಆಯಾ ನಾಡಿನ ಭಾಷೆಗೆ ದಾರಿ ಬಿಟ್ಟಿತು. ಆರ್ಗನ್‌ಗೆ ದೊಡ್ಡ ಗೌರವ ಕೊಟ್ಟ ಅದೇ ದಾಖಲೆ, ಯೋಗ್ಯವಾದ ಬೇರೆ ವಾದ್ಯವೂ ಆಗಬಹುದು ಅಂದಿತು. ಆದರೂ ನಾನು ತಬಲಾ ತಂದ ದಿನ ಒಬ್ಬ ಹಿರಿಯರು ಎದ್ದು ಹೊರಗೆ ಹೋದರು. ತಬಲಾ 9,500, ಶ್ರುತಿ ಮಾಡುವ ಹ್ಯಾಮರ್ 250, ಮಳೆಗಾಲದಲ್ಲಿ ಪುಡಿಗೆ (ಚರ್ಮಕ್ಕೆ) ಮತ್ತೆ 1,600. ಎಲ್ಲಾ ನನ್ನ ಜೇಬಿನಿಂದ. ಹೊಸಬರೇ, ಹಾರ್ಮೋನಿಯಂ ತಗೊಳ್ಳಿ.

ಪೆಡಲ್ ಪಕ್ಷ: ಅವರು ಕೇಳಿದ್ದು ಆರ್ಗನ್ನಾ ಕೀಬೋರ್ಡಾ ಅಂತ. ಭಜನೆ ತಂಡ ಕಟ್ಟಲು ಅಲ್ಲ.

ತಬಲಾ ಫ್ರಾನ್ಸಿಸ್ಕ: ಭಜನೆ ಅಂದರೆ ಕೀಳಾ ಸರ್? ಶುಭ ಶುಕ್ರವಾರ ನೀವು ಕಣ್ಣೀರು ಹಾಕಿ ಹಾಡುವ ಮುಳ್ಳಿನ ಕಿರೀಟದ ರಾಗ, ಜರ್ಮನ್ ಸಂಗೀತಗಾರ ಬಾಖ್ ಯೇಸುವಿನ ಶ್ರಮೆಯ ಮೇಲೆ ಬರೆದ ಮತ್ತಾಯನ ಪ್ಯಾಶನ್‌ನಲ್ಲಿ ಮತ್ತೆ ಮತ್ತೆ ಬಳಸಿದ್ದು, ಅದು ಹ್ಯಾಸ್ಲರ್ ಅನ್ನುವ ಸಂಗೀತಗಾರ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆ. ಹುಡುಗಿ ಮೇಲಿನ ಹಾಡು. ಅದು ಪವಿತ್ರ, ನಮ್ಮ ತಬಲಾ ಅಪವಿತ್ರ ಅಲ್ವಾ?

ಟ್ರಾನ್ಸ್‌ಪೋಸ್ ತಮ್ಮ: ಸೂಪರ್ ಸರ್! ಬಾಖ್‌ನಿಗೂ 1706ರಲ್ಲಿ ಅವನು ಆರ್ಗನ್ ನುಡಿಸುತ್ತಿದ್ದ ಆರ್ನ್‌ಷ್ಟಾಟ್ ಊರಿನ ಚರ್ಚಿನವರು ಬೈದಿದ್ದರು, ಹಾಡಿನ ಮಧ್ಯೆ ವಿಚಿತ್ರ ಸ್ವರ ಸೇರಿಸಿ ಸಭೆಯನ್ನು ಗಲಿಬಿಲಿ ಮಾಡುತ್ತೀಯ ಅಂತ. ನನ್ನ ರಿದಮ್‌ಗೆ ಬೈಯುವವರು ಅದೇ ವಂಶ.

ಪೆಡಲ್ ಪಕ್ಷ: ನಿನ್ನನ್ನೂ ಬಾಖ್‌ನನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದೆಯಲ್ಲ, ದೊಡ್ಡ ಮನುಷ್ಯ.

ಹೊಸಬ: ಎಲ್ಲರಿಗೂ ಥ್ಯಾಂಕ್ಸ್. 61 ಮನೆ ಸಾಕಾ, 76 ಬೇಕಾ?

ಧಾರವಾಡದ ಆಲ್ಟೊ: ಅದಿರಲಿ, ಸಭೆ ನಿಮಗೆ ಏನಾದರೂ ಕೊಡುತ್ತದಾ? ಈಗಲೇ ಮಾತಾಡಿಕೊಳ್ಳಿ. ಮೈಕ್ ಸೆಟ್‌ನವರಿಗೆ ಕ್ರಿಸ್ಮಸ್‌ಗೆ 6,000 ಕೊಟ್ಟರು, ನನಗೆ ಒಂದು ಕೇಕ್. ಅದೂ ಅರ್ಧ ಕಿಲೋ.

ಪೆಡಲ್ ಪಕ್ಷ: ಅಕ್ಕಾ, ದೇವರ ಸೇವೆಗೆ ಕೂಲಿ ಕೇಳುವುದಾ?

ಧಾರವಾಡದ ಆಲ್ಟೊ: ಆರ್ಗನ್ ಸಾಗಿಸಿದ ಟೆಂಪೋದವನು ದೇವರ ಸೇವೆ ಅಂತ ಪುಕ್ಕಟೆ ಬಂದನಾ? ನಿಮ್ಮ ಬಾಖ್ ಕಾಗದ ಬರೆದಿದ್ದಾನೆ, 1730ರಲ್ಲಿ, ಲೈಪ್‌ಜಿಗ್‌ನಿಂದ. ಊರಲ್ಲಿ ಒಳ್ಳೆ ಗಾಳಿ ಬೀಸಿ ಜನ ಸಾಯುವುದು ಕಡಿಮೆ ಆಯಿತು, ಶವಸಂಸ್ಕಾರದಿಂದ ತನಗೆ ಬರುವ ದುಡ್ಡಿನಲ್ಲಿ ಹಿಂದಿನ ವರ್ಷ 100 ಥಾಲರ್‌ಗಿಂತ (ಆಗಿನ ಬೆಳ್ಳಿ ನಾಣ್ಯ) ಜಾಸ್ತಿ ಖೋತಾ ಅಂತ. ಹೋಗಿ ಅವನಿಗೆ ಹೇಳಿ, ಕೂಲಿ ಕೇಳಬೇಡ ಅಂತ.

ಪೆಡಲ್ ಪಕ್ಷ: ಸಾವಿನ ಲೆಕ್ಕ ಹಾಕಿ ದುಡ್ಡು ಎಣಿಸುವುದು ನಮ್ಮ ಸಭೆಯಲ್ಲಿ ಇಲ್ಲ.

ತಬಲಾ ಫ್ರಾನ್ಸಿಸ್ಕ: ನಿಮ್ಮ ಸಭೆಯಲ್ಲಿ ಮದುವೆಗೆ ನುಡಿಸಲು ಎಷ್ಟು ತಗೊಳ್ಳುತ್ತೀರಿ ಸರ್? ಅದನ್ನು ಮೊದಲು ಹೇಳಿ.