ರೂಟ್ ಕೆನಾಲ್ ಆದ ಹಲ್ಲಿನೊಳಗೆ ಮತ್ತೆ ಎಂಜಲು ಇಳಿಯದ ಹಾಗೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಮಂಡ್ಯ:

ಎಲ್ಲರಿಗೂ ನಮಸ್ಕಾರ. ಕೆಳದವಡೆಯ ಹಲ್ಲಿಗೆ ಹೋದ ವಾರ ರೂಟ್ ಕೆನಾಲ್ ಮುಗಿಯಿತು. ಮೇಲೆ ಬಿಳಿ ಬಣ್ಣದ ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸಿದ್ದಾರೆ. ಕ್ಯಾಪ್ ಹಾಕಿಸಲು ಮತ್ತೆ ಹೋಗಬೇಕಂತೆ. ಈಗ ನೋವು ಒಂಚೂರೂ ಇಲ್ಲ. ಮನೆಯಲ್ಲಿ "ನೋವೇ ಇಲ್ಲ ಅಂದ್ಮೇಲೆ ಕ್ಯಾಪ್ ಯಾಕೆ, ಸುಮ್ನೆ ದುಡ್ಡು ದಂಡ" ಅನ್ನುತ್ತಿದ್ದಾರೆ. ಆದರೆ ನಮ್ಮ ಚಿಕ್ಕಮ್ಮನ ಮಗಳಿಗೆ ಇದೇ ತರಹ ಮಾಡಿಸಿದ್ದ ಹಲ್ಲು ಆಮೇಲೆ ಕೆಟ್ಟು, ಕೀಳಿಸಲೇಬೇಕಾಯಿತು. ಡಾಕ್ಟರ್ "ಲೀಕೇಜ್ ಆಗಿದೆ" ಅಂದರಂತೆ. ಹಲ್ಲು ಲೀಕ್ ಆಗೋದು ಅಂದ್ರೆ ಏನು? ಆಗದಂತೆ ನಾವು ಏನು ನೋಡಿಕೊಳ್ಳಬೇಕು? ಡಾಕ್ಟರ್ ಹತ್ತಿರ ಏನು ಕೇಳಬೇಕು?

ಪಾಂಡವಪುರ ಕಡೆಯವರು:

ಅಕ್ಕ, ನಮ್ಮ ಅಪ್ಪಾಜಿ ಕತೆ ಕೇಳಿ. ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ಕ್ಯಾಪಿಗೆ "ಕಬ್ಬಿನ ಬಿಲ್ ಬರಲಿ" ಅಂದರು. ಬಿಲ್ ಯಾವಾಗ ಬರುತ್ತೆ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಕೊನೆಗೆ ಬಂತು, ಅಷ್ಟರಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟು ಆ ದುಡ್ಡು ಅಲ್ಲಿಗೆ ಹೋಯಿತು.

ಈ ನಡುವೆ ಬಿಳಿ ಸಿಮೆಂಟ್ ಸವೆದು ಸವೆದು ಮಧ್ಯದಲ್ಲಿ ಗುಂಡಿ ಬಿದ್ದಿತ್ತು. ಊಟ ಆದ ಮೇಲೆ ಕಡ್ಡಿ ಹಾಕಿ ಅನ್ನದ ಅಗುಳು ತೆಗೆಯುತ್ತಾ ಕೂರುತ್ತಿದ್ದರು. ನೋವಿಲ್ಲ. ಮುದ್ದೆ ಉಣ್ಣುವವರಿಗೆ ಅಗಿಯುವ ಕೆಲಸವೂ ಕಮ್ಮಿ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ದಿನ ಒಸಡಿನ ಮೇಲೆ ಹೆಸರುಕಾಳಿನಷ್ಟು ಗುಳ್ಳೆ. ಒತ್ತಿದರೆ ಕೀವು, ಬಾಯೆಲ್ಲ ಕೆಟ್ಟ ರುಚಿ. ಒಡೆದರೆ ಹೋಗುತ್ತೆ, ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಬರುತ್ತೆ.

ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರ್ ಬೇರಿನೊಳಗೆ ತುಂಬಿದ್ದನ್ನು ಹೊರಗೆ ತೆಗೆದು ಹತ್ತಿಬಟ್ಟೆ ಮೇಲಿಟ್ಟು ತೋರಿಸಿದರು. ಸಣ್ಣ ರಬ್ಬರ್ ಎಳೆ. ಬೇರಿನ ತುದಿ ಕಡೆ ಇನ್ನೂ ಗುಲಾಬಿ ಬಣ್ಣ ಹಾಗೇ ಇತ್ತು. ಮೇಲಿನ ಅರ್ಧ ಕಪ್ಪಗಾಗಿತ್ತು. ವಾಸನೆಯಂತೂ ಕೇಳಲೇಬೇಡಿ. "ಬೇರಿನ ಕೆಲಸ ಮಾಡಿದವರು ಚೆನ್ನಾಗೇ ಮಾಡಿದ್ದಾರೆ. ಮೇಲಿಂದ ಎಂಜಲು ಇಳಿದಿದೆ" ಅಂದರು. ಮತ್ತೆ ಮೊದಲಿನಿಂದ ರೂಟ್ ಕೆನಾಲ್. ಒಂದೇ ಹಲ್ಲಿಗೆ ಎರಡು ಸಲ ದುಡ್ಡು ಕೊಟ್ಟು, ಕ್ಯಾಪಿಗೂ ಕೊಟ್ಟೆವು. ಹಲ್ಲು ಮಾತ್ರ ಉಳಿಯಿತು.

ದಂತವೈದ್ಯೆ, ಮೈಸೂರು, ಕುವೆಂಪುನಗರ:

ಮೇಲೆ ಬರೆದಿದ್ದಾರಲ್ಲ, ಅದೇ ಲೀಕೇಜ್. ನಾನು ದಿನವಿಡೀ ಮಾಡುವುದೇ ರೂಟ್ ಕೆನಾಲ್, ಸ್ವಲ್ಪ ಉದ್ದ ಬರೆಯುತ್ತೇನೆ.

ಹಲ್ಲಿನೊಳಗಿನ ಕೊಳೆತ ತಿರುಳು ತೆಗೆದು, ಬೇರಿನ ಕಾಲುವೆಗಳನ್ನು ಹಿಗ್ಗಿಸಿ, ಔಷಧಿಯಲ್ಲಿ ತೊಳೆದು, ಗಟ್ಟಾಪರ್ಚಾ ತುಂಬುತ್ತೇವೆ. ಪಾಂಡವಪುರದವರು ನೋಡಿದ ಗುಲಾಬಿ ಎಳೆ ಅದೇ. ಮಲೇಷ್ಯಾ ಕಡೆಯ ಒಂದು ಮರದ ಹಾಲಿನಿಂದ ಬಂದ ಸರಕು. ಅದು ತಾನಾಗಿ ಹಲ್ಲಿನ ಗೋಡೆಗೆ ಅಂಟುವುದಿಲ್ಲ. ಸುತ್ತ ಸೀಲರ್ ಅಂತ ತೆಳ್ಳಗಿನ ಪೇಸ್ಟ್ ಹಾಕಿರುತ್ತೇವೆ. ಮೇಲಿನ ಮುಚ್ಚಳ ಹೋಗಿ ಉಗುಳು ನೇರ ತಾಗುತ್ತಿದ್ದರೆ ಈ ಸೀಲರ್ ನಿಧಾನವಾಗಿ ಕರಗುತ್ತದೆ. ಆ ಸಂದಿಯಲ್ಲೇ ಬ್ಯಾಕ್ಟೀರಿಯಾ ಬೇರಿನ ತುದಿವರೆಗೆ ಇಳಿಯುತ್ತದೆ. 1990ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕಿತ್ತ ಹಲ್ಲುಗಳಿಗೆ ಕೆನಾಲ್ ತುಂಬಿ, ಮೇಲೆ ಮುಚ್ಚದೆ ಬ್ಯಾಕ್ಟೀರಿಯಾಕ್ಕೆ ಒಡ್ಡಿ ನೋಡಿದ್ದರು. ಅರ್ಧಕ್ಕಿಂತ ಜಾಸ್ತಿ ಬೇರುಗಳಲ್ಲಿ ಒಂದು ಜಾತಿ 19 ದಿನಕ್ಕೆ ತುದಿ ಮುಟ್ಟಿತ್ತು, ಇನ್ನೊಂದು 42 ದಿನಕ್ಕೆ. ಅದು ಪ್ರಯೋಗಾಲಯದ ಲೆಕ್ಕ, ಬಾಯಿಯೊಳಗೆ ದಿನಗಳು ಹೆಚ್ಚುಕಮ್ಮಿ ಆಗುತ್ತವೆ. ಆದರೂ ಕಬ್ಬಿನ ಬಿಲ್ ಬರುವವರೆಗೆ ಕಾಯಬಾರದು ಅನ್ನುವುದಕ್ಕೆ ಇಷ್ಟು ಸಾಕು.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ನೋವಿಲ್ಲ, ನಿಜ. ನರವನ್ನೇ ತೆಗೆದಿದ್ದೇವಲ್ಲ, ಇನ್ನು ನೋಯುವುದು ಯಾವುದು? ತಣ್ಣೀರಿಗೆ ಜುಮ್ ಅನ್ನುವುದಿಲ್ಲ, ಹೊಸ ಹುಳುಕು ಹಿಡಿದರೂ ಗೊತ್ತಾಗುವುದಿಲ್ಲ. ಸೋಂಕು ಬೇರಿನ ಆಚೆ ಮೂಳೆಗೆ ತಲುಪಿದ ಮೇಲೆ ಕಚ್ಚಿದರೆ ನೋವು, ಬಾವು, ಇಲ್ಲವೇ ಆ ಗುಳ್ಳೆ. "ನೋವು ಬಂದರೆ ನೋಡೋಣ" ಅನ್ನುವುದು ಬೇರೆ ಹಲ್ಲಿಗೇ ಸರಿಯಲ್ಲ, ಇದಕ್ಕಂತೂ ನಡೆಯುವುದೇ ಇಲ್ಲ.

ಈಗ ನಿಮ್ಮ ಬಾಯಲ್ಲಿರುವ ಬಿಳಿ ಸಿಮೆಂಟ್. ಸಾಮಾನ್ಯವಾಗಿ ಕ್ಯಾವಿಟ್ ತರಹದ್ದು ಹಾಕುತ್ತೇವೆ. ಬಾಯಿಯ ತೇವಕ್ಕೇ ಗಟ್ಟಿಯಾಗುತ್ತದೆ, ಸ್ವಲ್ಪ ಹಿಗ್ಗಿ ಅಂಚಿಗೆ ಕಚ್ಚಿಕೊಳ್ಳುತ್ತದೆ. ಮುಚ್ಚುವುದರಲ್ಲಿ ಒಳ್ಳೆಯದೇ. ಆದರೆ ದಪ್ಪ ಕನಿಷ್ಠ 3.5ರಿಂದ 4 ಮಿಲಿಮೀಟರ್ ಇರಬೇಕು. ಅಡಿಯಲ್ಲಿ ದೊಡ್ಡ ಹತ್ತಿ ಉಂಡೆ ತುರುಕಿದ್ದರೆ ಸಿಮೆಂಟಿಗೆ ಜಾಗವೇ ಇರುವುದಿಲ್ಲ. ಮೆತ್ತಗಿನ ಸರಕು, ಅಗಿದಂತೆ ಸವೆಯುತ್ತದೆ. ಎರಡು ಮೂರು ವಾರಕ್ಕಿಂತ ಜಾಸ್ತಿ ಅದನ್ನು ನಂಬಬೇಡಿ.

ನನ್ನ ಪದ್ಧತಿ ಏನೆಂದರೆ, ಸಾಧ್ಯವಾದರೆ ಕೆನಾಲ್ ತುಂಬಿದ ದಿನವೇ ಪಕ್ಕಾ ಫಿಲ್ಲಿಂಗ್ ಮಾಡಿಬಿಡುತ್ತೇನೆ. ಮೊದಲು ಕಾಲುವೆಗಳ ಬಾಯಿಗೆ ಒಂದೆರಡು ಮಿಲಿಮೀಟರ್ ಗ್ಲಾಸ್ ಅಯಾನಮರ್ ಅಥವಾ ಕಾಂಪೋಸಿಟ್ (ಎರಡೂ ಹಲ್ಲಿಗೆ ಕಚ್ಚಿಕೊಳ್ಳುವ ಫಿಲ್ಲಿಂಗ್ ಸರಕುಗಳು), ಅದರ ಮೇಲೆ ಹಲ್ಲನ್ನು ಕಟ್ಟುವುದು. ಮೇಲಿನ ಮುಚ್ಚಳ ಎಂದಾದರೂ ಕೈಕೊಟ್ಟರೂ ಒಳಗೆ ಇನ್ನೊಂದು ತಡೆ ಇರುತ್ತದೆ. ನಿಮ್ಮ ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: "ಒಳಗೆ ಸೀಲ್ ಮಾಡಿದ್ದೀರಾ, ಇಲ್ಲ ಬರೀ ತಾತ್ಕಾಲಿಕ ಸಿಮೆಂಟ್ ಮಾತ್ರಾನಾ?"

ಕೆಲಸ ನಡೆಯುವಾಗಲೇ ಉಗುಳು ಒಳಗೆ ಹೋದರೆ ಆಮೇಲೆ ಎಷ್ಟು ಮುಚ್ಚಿದರೂ ಅಷ್ಟೇ. ಅದಕ್ಕೇ ರಬ್ಬರ್ ಡ್ಯಾಮ್ ಇರುವುದು. ಒಂದು ರಬ್ಬರ್ ಹಾಳೆ, ಅದರ ತೂತಿನಿಂದ ಆ ಹಲ್ಲೊಂದೇ ಹೊರಗೆ ಕಾಣುತ್ತದೆ. ಅಮೆರಿಕದ ಡಾಕ್ಟರ್ ಸ್ಯಾನ್‌ಫೋರ್ಡ್ ಬಾರ್ನಮ್ 1864ರಲ್ಲಿ ಶುರು ಮಾಡಿದ್ದು. ಇಷ್ಟು ಹಳೆಯ ವಿದ್ಯೆಯನ್ನು ಇನ್ನೂ ಎಷ್ಟೋ ಕಡೆ ಬಳಸುವುದಿಲ್ಲ ಅನ್ನುವುದು ನನಗೆ ಸಿಟ್ಟು ಬರಿಸುವ ವಿಷಯ. ಮುಂದೆ ಬೇರೆ ಹಲ್ಲಿಗೆ ಮಾಡಿಸುವ ಸಂದರ್ಭ ಬಂದರೆ ಧೈರ್ಯವಾಗಿ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಕ್ಯಾಪ್ ಬಗ್ಗೆ. ರೇ ಮತ್ತು ಟ್ರೋಪ್ ಅನ್ನುವವರು 1995ರಲ್ಲಿ 1010 ಹಲ್ಲುಗಳ ಎಕ್ಸ್‌ರೇ ನೋಡಿ, ಬೇರಿನ ಫಿಲ್ಲಿಂಗಿಗಿಂತ ಮೇಲಿನ ಕಟ್ಟಡ ಚೆನ್ನಾಗಿರುವುದು ಜಾಸ್ತಿ ಮುಖ್ಯ ಅಂದಿದ್ದರು. ಆಮೇಲಿನ ಅಧ್ಯಯನಗಳು ಎರಡೂ ಅಷ್ಟೇ ಮುಖ್ಯ ಅನ್ನುತ್ತವೆ, ನನ್ನ ಅಭಿಪ್ರಾಯವೂ ಅದೇ. 2002ರ ಇನ್ನೊಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಇಲ್ಲದ ಹಲ್ಲುಗಳು ಕ್ಯಾಪ್ ಇದ್ದವುಗಳಿಗಿಂತ 6 ಪಟ್ಟು ಹೆಚ್ಚಾಗಿ ಹೋಗಿದ್ದವು. ದವಡೆ ಹಲ್ಲಿನ ಮೇಲೆ ಬೀಳುವ ಭಾರ ಅಂಥದ್ದು. ಸೀಳು ಬಿಟ್ಟರೆ ಅದೂ ಒಂದು ಲೀಕೇಜೇ, ಸೀಳು ಬೇರಿನವರೆಗೆ ಹೋದರೆ ಸಾಮಾನ್ಯವಾಗಿ ಕೀಳುವುದೇ ದಾರಿ.

ಮೆಟಲ್ ಹಾಕಿಸಲಾ, ಜಿರ್ಕೋನಿಯಾ ಹಾಕಿಸಲಾ ಅಂತ ಎಲ್ಲರೂ ಕೇಳುತ್ತಾರೆ. ಅಂಚು ಹೇಗೆ ಕೂತಿದೆ ಅಂತ ಯಾರೂ ಕೇಳುವುದಿಲ್ಲ. ದುಬಾರಿ ಕ್ಯಾಪಿನ ಅಂಚು ಎದ್ದಿದ್ದರೆ ಅದೂ ಸೋರುತ್ತದೆ. ಒಸಡಿನ ಮೇಲೆ ಸುತ್ತಲೂ ಒಂದೂವರೆ ಎರಡು ಮಿಲಿಮೀಟರ್ ಆದರೂ ಸ್ವಂತ ಹಲ್ಲು ಉಳಿದಿರಬೇಕು, ಕ್ಯಾಪಿಗೆ ಹಿಡಿತ ಸಿಗುವುದು ಅಲ್ಲೇ. ಅದಿಲ್ಲದ ಕಡೆ ಬರೀ ಸಿಮೆಂಟನ್ನು ನಂಬಿ ಕ್ಯಾಪ್ ಕೂರಿಸಿದರೆ ಕೆಲವು ದಿನಕ್ಕೆ ಅಲ್ಲಾಡುತ್ತದೆ.

ಸರಸ್ವತಿಪುರಂ, ನಿವೃತ್ತ ಮೇಷ್ಟ್ರು:

ಡಾಕ್ಟರ್ ಮೇಡಂ ಅಂಚಿನ ವಿಷಯ ಹೇಳಿದ್ದು ಸರಿ. ನನ್ನ ಕ್ಯಾಪ್ ನೋಡಲು ಚೆನ್ನಾಗಿತ್ತು, ಗಟ್ಟಿಯಾಗೂ ಇತ್ತು. ಆದರೆ ಆ ಹಲ್ಲಿನ ಪಕ್ಕ ಫ್ಲಾಸ್ ದಾರ ಹಾಕಿದಾಗಲೆಲ್ಲ ಒಳಗೆ ಸಲೀಸಾಗಿ ಹೋಗುತ್ತಿತ್ತು, ಮೇಲೆ ಎಳೆಯುವಾಗ ಏನಕ್ಕೋ ಸಿಕ್ಕಿ ಎಳೆ ಎಳೆಯಾಗಿ ಬಿಚ್ಚಿಕೊಂಡು ಬರುತ್ತಿತ್ತು. ಬೇರೆ ಹಲ್ಲಿನ ಸಂದಿಯಲ್ಲಿ ಹಾಗಾಗುತ್ತಿರಲಿಲ್ಲ. ಉಪ್ಪಿಟ್ಟಿನ ಕರಿಬೇವು ಬೇರೆ ಪ್ರತಿಸಲ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ದಾರವನ್ನು ಮೂಸಿದರೆ ಕೆಟ್ಟ ವಾಸನೆ. ಹೆಂಡತಿ "ಅದನ್ನೇನು ಮೂಸ್ತೀರಿ" ಅಂತ ಬೈದಳು. ನಾನು ಅದೇ ದಾರ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದೆ.

ಎಕ್ಸ್‌ರೇಯಲ್ಲಿ ಕ್ಯಾಪಿನ ಒಂದು ಪಕ್ಕ ಹಲ್ಲಿಗೆ ತಾಗದೆ ಮೆಟ್ಟಿಲಿನ ಹಾಗೆ ಎದ್ದು ಕಾಣುತ್ತಿತ್ತು. ಕ್ಯಾಪ್ ಕತ್ತರಿಸಿ ತೆಗೆದರು. ಅಂಚಿನಲ್ಲಿ ಕಂದು ಬಣ್ಣದ ಮೆತ್ತಗಿನ ಹುಳುಕು. ಒಳಗಿನ ಸೀಲ್ ಗಟ್ಟಿಯಾಗಿದ್ದರಿಂದ ಬೇರಿಗೆ ಏನೂ ಆಗಿರಲಿಲ್ಲ. ಹುಳುಕು ತೆಗೆದು, ಹೊಸ ಅಳತೆ ಕೊಟ್ಟು, ಬೇರೆ ಕ್ಯಾಪ್ ಹಾಕಿದರು. ಈ ಸಲ ಅಂಟಿಸುವ ಮುಂಚೆ ಎಕ್ಸ್‌ರೇ ತೆಗೆದು ಅಂಚು ನೋಡಿದರು. ನೀವೂ ಹಾಗೆ ಮಾಡಲು ಹೇಳಿ.

ಶ್ರೀರಂಗಪಟ್ಟಣದವರು:

ಎಲ್ಲ ಹಲ್ಲಿಗೂ ಕ್ಯಾಪ್ ಬೇಕೇ ಬೇಕು ಅನ್ನೋ ಹಾಗೆ ಮಾತಾಡ್ತಿದ್ದೀರಿ. ನನ್ನ ಮುಂದಿನ ಹಲ್ಲಿಗೆ ಕಾಲೇಜಿನಲ್ಲಿದ್ದಾಗ ರೂಟ್ ಕೆನಾಲ್ ಆಗಿದ್ದು, ಸೈಕಲ್ಲಿಂದ ಬಿದ್ದು. ಹಿಂಬದಿಯಲ್ಲಿ ಬರೀ ಫಿಲ್ಲಿಂಗ್ ಅಷ್ಟೇ. ಈಗ ನನ್ನ ಮಗನೇ ಕಾಲೇಜಿಗೆ ಹೋಗ್ತಾನೆ, ಹಲ್ಲು ಇನ್ನೂ ಇದೆ.

ದಂತವೈದ್ಯೆ, ಮೈಸೂರು:

ಸರಿಯಾಗೇ ಹೇಳಿದ್ದೀರಿ. ಮುಂದಿನ ಹಲ್ಲು ಜಾಸ್ತಿ ಹಾಳಾಗದೆ ಇದ್ದರೆ ಒಳ್ಳೆಯ ಕಾಂಪೋಸಿಟ್ ಫಿಲ್ಲಿಂಗ್ ಸಾಕು, ಸುಮ್ನೆ ಅರೆದು ಕ್ಯಾಪ್ ಹಾಕಬಾರದು. ನಾನು ಹೇಳಿದ್ದು ಅಗಿಯುವ ಹಲ್ಲುಗಳ ಮಾತು. ಫಿಲ್ಲಿಂಗಿನ ಸುತ್ತ ಕಂದು ಗೆರೆ ಮೂಡಿದೆಯಾ ಅಂತ ಮಾತ್ರ ಒಮ್ಮೆ ತೋರಿಸಿಕೊಳ್ಳಿ.

ಕೇಳಿದವರು, ಮಂಡ್ಯ:

ಎಲ್ಲರಿಗೂ ಥ್ಯಾಂಕ್ಸ್. ಮನೆಯವರಿಗೆ ಓದಿ ಹೇಳಿದೆ, ಕ್ಯಾಪಿಗೆ ಒಪ್ಪಿದರು. ಆದರೆ ನಾಳೆ ತಂಗಿ ಮಗಳ ಮದುವೆಗೆ ಹಾಸನಕ್ಕೆ ಹೊರಡಬೇಕು. ಇವತ್ತು ನಿಪ್ಪಟ್ಟು ಕಡಿದು ಸಿಮೆಂಟಿನ ಒಂದು ಮೂಲೆ ಉದುರಿದೆ. ಅತ್ತೆ ಲವಂಗದ ಎಣ್ಣೆಯ ಹತ್ತಿ ಇಟ್ಟುಕೋ ಅಂತಿದ್ದಾರೆ. ಬಂದ ಮೇಲೆ ತೋರಿಸಿದರೆ ನಡೆಯುತ್ತಾ?

ದಂತವೈದ್ಯೆ, ಮೈಸೂರು:

ಬೇಡ ಅಮ್ಮ, ಹೊರಡುವ ಮುಂಚೆ ಹೋಗಿ. ತಾತ್ಕಾಲಿಕ ಸಿಮೆಂಟ್ ಮತ್ತೆ ತುಂಬಲು ಹತ್ತು ನಿಮಿಷದ ಕೆಲಸ. ನಿಮ್ಮ ಡಾಕ್ಟರ್ ಸಿಗದಿದ್ದರೆ ಹತ್ತಿರದ ಯಾರ ಹತ್ತಿರವಾದರೂ ಹಾಕಿಸಿ. "ಸಾಧ್ಯವಾದರೆ ಗ್ಲಾಸ್ ಅಯಾನಮರ್ ಹಾಕಿ" ಅನ್ನಿ, ಮದುವೆ ಊಟಕ್ಕೆ ಅದು ಹೆಚ್ಚು ತಡೆಯುತ್ತದೆ. ಲವಂಗದ ಎಣ್ಣೆ ನೋಯುವ ನರಕ್ಕೆ, ಇಲ್ಲಿ ನರವೇ ಇಲ್ಲ. ಅದರಲ್ಲಿರುವ ಯೂಜಿನಾಲ್ ಹಲ್ಲಿಗೆ ಇಳಿದರೆ ಆಮೇಲೆ ಹಾಕುವ ಕಾಂಪೋಸಿಟ್ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಹತ್ತಿ ಎಂಜಲನ್ನು ಹೀರಿ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅದೂ ಬೇಡ. ಮದುವೆಮನೆಯಲ್ಲಿ ಆ ಪಕ್ಕ ಅಗಿಯಬೇಡಿ. ಹಲ್ಲುಜ್ಜುವಾಗ ಮಾತ್ರ ಆ ಹಲ್ಲನ್ನು ಬಿಡಬೇಡಿ.

ಇನ್ನೊಂದು, ಇಲ್ಲಿ ಓದುತ್ತಿರುವ ಎಲ್ಲರಿಗೂ. ಕ್ಯಾಪ್ ಕಳಚಿ ಬಂದರೆ ಅಂಗಡಿಯ ಗಮ್ ಹಾಕಿ ಅಂಟಿಸಿಕೊಂಡು ಬರುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೊಳೆದು ಒಂದು ಡಬ್ಬಿಯಲ್ಲಿ ಹಾಕಿ ಬೇಗ ತನ್ನಿ. ಹಲ್ಲು ತಿಂಗಳುಗಟ್ಟಲೆ ತೆರೆದುಕೊಂಡೇ ಇದ್ದರೆ, ಅದೇ ಕ್ಯಾಪನ್ನು ಸುಮ್ಮನೆ ಮತ್ತೆ ಅಂಟಿಸುವುದಿಲ್ಲ. ನೋವಿಲ್ಲದಿದ್ದರೂ ಒಳಗಿನ ಕೆನಾಲ್ ಮತ್ತೆ ಮಾಡಬೇಕಾ ಅಂತ ಮೊದಲು ನೋಡುತ್ತೇವೆ.

ಬನ್ನೂರಿನವರು:

ಖರ್ಚಿನ ಚಿಂತೆ ಇದ್ದವರಿಗೆ ಒಂದು ಮಾತು. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯಾ ಎರಡು ಡೆಂಟಲ್ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ರೂಟ್ ಕೆನಾಲಿಗೇ ಬೇರೆ ವಿಭಾಗ ಇರುತ್ತದೆ. ನಮ್ಮ ಅತ್ತಿಗೆಗೆ ಒಂದು ಕಾಲೇಜಿನಲ್ಲೇ ಮಾಡಿಸಿದ್ದು. ಪ್ರತಿ ಹಂತಕ್ಕೂ ದೊಡ್ಡ ಡಾಕ್ಟರ್ ಬಂದು ನೋಡಿ ಹೋಗುತ್ತಿದ್ದರು. ಹೊತ್ತು ಹಿಡಿಯುತ್ತೆ, ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ದಂತವೈದ್ಯೆ, ಮೈಸೂರು:

ಎಲ್ಲೇ ಮಾಡಿಸಿ, ಕೆಲಸ ಮುಗಿದ ದಿನದ ಎಕ್ಸ್‌ರೇಯನ್ನು ಫೋನಿನಲ್ಲಿ ಫೋಟೋ ತೆಗೆದು, ತಾರೀಕು ಬರೆದು ಇಟ್ಟುಕೊಳ್ಳಿ. ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತೋರಿಸುವಾಗ ಹೊಸದರ ಪಕ್ಕ ಇಟ್ಟು ನೋಡಬಹುದು. ಬೇರಿನ ತುದಿಯಲ್ಲಿದ್ದ ಕಪ್ಪು ನೆರಳು ಚಿಕ್ಕದಾಗುತ್ತಾ ಬಂದರೆ ಮೂಳೆ ತುಂಬಿಕೊಳ್ಳುತ್ತಿದೆ ಅಂತ. ದೊಡ್ಡದಾದರೆ, ಅಥವಾ ಮೊದಲು ಇಲ್ಲದ್ದು ಈಗ ಕಂಡರೆ, ಎಲ್ಲಿಂದ ಸೋರುತ್ತಿದೆ ಅಂತ ಹುಡುಕಬೇಕು. ಹಳೇ ಎಕ್ಸ್‌ರೇ ಕೈಯಲ್ಲಿಲ್ಲದಿದ್ದರೆ ಆ ನೆರಳು ವಾಸಿಯಾಗುತ್ತಾ ಇರುವುದೋ, ಹೊಸದಾಗಿ ಬಂದಿದ್ದೋ ಅಂತ ನಮಗೂ ಹೇಳಲು ಕಷ್ಟ.