ಮಾನವಿಕ ವಿಷಯಗಳ ಸಂಶೋಧನಾ ಲೇಖನವನ್ನು ಎಲ್ಲಿ ಪ್ರಕಟಿಸಬೇಕು, ಯಾವ ವಿಚಾರ ಸಂಕಿರಣಕ್ಕೆ ಹೋಗಬೇಕು?

ಪ್ರಶ್ನೆ: ಹಟ್ಟಿಯವನು, ಚಿತ್ರದುರ್ಗ

ಮಾನ್ಯರೇ, ನಾನು ಇತಿಹಾಸ ವಿಷಯದಲ್ಲಿ ಪಿಎಚ್‌.ಡಿ.ಗೆ ನೋಂದಾಯಿಸಿಕೊಂಡು ಇದು ಮೂರನೆಯ ವರ್ಷ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಮ್ಯಾಸಬೇಡರ (ದನ ಕಾಯುವ ಬೇಡ ಸಮುದಾಯದವರ) ದೇವರ ಎತ್ತುಗಳು, ಅವನ್ನು ಕಾಯುವ ಕಿಲಾರಿಗಳು ಮತ್ತು ಅವರ ಗುಡಿಕಟ್ಟುಗಳು (ಒಂದೊಂದು ದೇವರ ಗುಡಿಗೆ ನಡೆದುಕೊಳ್ಳುವ ಮನೆತನಗಳ ಕೂಟಗಳು) ನನ್ನ ಅಧ್ಯಯನದ ವಸ್ತು. ಎರಡು ಬೇಸಿಗೆ ರೊಪ್ಪಗಳ (ದನ ಕೂಡುವ ಬೇಲಿಗಳ) ಪಕ್ಕದಲ್ಲಿ ಕುಳಿತು, ದನ ಒಳಗೆ ಬಂದ ಮೇಲೆ ಕಿಲಾರಿಗಳು ಹೇಳಿದ ಹಾಡು ಮತ್ತು ಕಥನಗಳನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡಿದ್ದೇನೆ. ಸಾಮಗ್ರಿಗೆ ಕೊರತೆಯಿಲ್ಲ, ಅದನ್ನು ಎಲ್ಲಿ ಮಂಡಿಸಬೇಕು ಎಂಬುದೇ ತಿಳಿಯುತ್ತಿಲ್ಲ.

ಪ್ರಬಂಧ ಒಪ್ಪಿಸುವ ಮೊದಲು ಎರಡು ಲೇಖನಗಳನ್ನು ಪ್ರಕಟಿಸಿಕೊಂಡು, ಎರಡು ಕಡೆ ಮಂಡಿಸಿ ಬನ್ನಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿಯಲ್ಲಿ ಹುಡುಕೋಣವೆಂದರೆ ಆ ಪಟ್ಟಿಯೇ ಈಗ ಇಲ್ಲವಂತೆ. ಇತ್ತ ದಿನಕ್ಕೆರಡು ಮಿಂಚಂಚೆಗಳು ತಪ್ಪದೆ ಬರುತ್ತಿವೆ: ಐದು ದಿನಗಳಲ್ಲಿ ಪ್ರಕಟಣೆ, ಅಂತರರಾಷ್ಟ್ರೀಯ ಮನ್ನಣೆ, ಪ್ರಮಾಣಪತ್ರ ಸಮೇತ 1,800 ರೂಪಾಯಿ. ಕಳೆದ ವರ್ಷ ಇಂಥದ್ದೊಂದು ಕಡೆಗೆ ಹಣ ಕಟ್ಟಿದೆ. ಲೇಖನ ಕಳುಹಿಸಿದ ಮರುದಿನವೇ ಒಪ್ಪಿಗೆ ಪತ್ರ ಬಂತು. ಪ್ರಕಟವಾದ ಸಂಚಿಕೆಯನ್ನು ತೆರೆದರೆ ನನ್ನ ಲೇಖನದ ಹಿಂದಿನ ಪುಟಗಳಲ್ಲಿ ರೇಷ್ಮೆ ಹುಳುವಿನ ರೋಗ, ಮುಂದಿನ ಪುಟಗಳಲ್ಲಿ ಬ್ಯಾಂಕುಗಳ ವಸೂಲಾಗದ ಸಾಲ! ಆ ಲೇಖನವನ್ನು ಮಾರ್ಗದರ್ಶಕರಿಗೆ ತೋರಿಸಲು ನನಗೇ ನಾಚಿಕೆಯಾಯಿತು.

ಕನ್ನಡದಲ್ಲಿ ಬರೆದರೆ ಲೆಕ್ಕಕ್ಕೆ ಬರುತ್ತದೆಯೇ? ಜಿಲ್ಲಾ ಕೇಂದ್ರದಲ್ಲಿ ಇರುವವರಿಗೆ ಒಳ್ಳೆಯ ಸಂಕಿರಣಗಳ ಸುದ್ದಿ ಸಕಾಲದಲ್ಲಿ ತಿಳಿಯುವ ದಾರಿ ಯಾವುದು? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಹಳೆಯ ಮೇಷ್ಟ್ರು, ಹೊಳಲ್ಕೆರೆ

ಮೊದಲು ನಿಯಮದ ಮಾತನ್ನು ಮುಗಿಸಿಬಿಡೋಣ, ಏಕೆಂದರೆ ಅರ್ಧ ಆತಂಕ ಅಲ್ಲಿಯೇ ಇದೆ. 2016ರ ಯುಜಿಸಿ ನಿಯಮಾವಳಿಯ ಪ್ರಕಾರ ಪ್ರಬಂಧ ಒಪ್ಪಿಸುವ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕಿತ್ತು ಮತ್ತು ಎರಡು ಸಂಕಿರಣಗಳಲ್ಲಿ ಮಂಡನೆಯಾಗಿರಬೇಕಿತ್ತು. 2022ರ ನವೆಂಬರ್‌ನಲ್ಲಿ ಬಂದ ನಿಯಮಾವಳಿ ಈ ಕಡ್ಡಾಯವನ್ನು ತೆಗೆದುಹಾಕಿದೆ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮಗಳಲ್ಲಿ ಅದನ್ನು ಉಳಿಸಿಕೊಂಡಿರಬಹುದು. ಆದ್ದರಿಂದ ನೀವು ನೋಂದಾಯಿಸಿಕೊಂಡ ವರ್ಷಕ್ಕೆ ಅನ್ವಯಿಸುವ ನಿಯಮಾವಳಿಯ ಪ್ರತಿಯನ್ನು ಪಿಎಚ್‌.ಡಿ. ವಿಭಾಗದಿಂದ ತರಿಸಿಕೊಂಡು ನೀವೇ ಓದಿರಿ. ಅವರಿವರ ಬಾಯಿಮಾತನ್ನು ನಂಬಬೇಡಿ.

ಕೇರ್ ಪಟ್ಟಿ 2018ರಲ್ಲಿ ಘೋಷಣೆಯಾಗಿ 2019ರಿಂದ ಬಳಕೆಯಲ್ಲಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನು ಕೈಬಿಟ್ಟು, ಪತ್ರಿಕೆಯ ಗುಣಮಟ್ಟವನ್ನು ಅಳೆಯಲು ಕೆಲವು ಸೂಚಕ ಮಾನದಂಡಗಳನ್ನು ಮಾತ್ರ ಮುಂದಿಟ್ಟಿತು. ಇನ್ನು ಮುಂದೆ ಆಯ್ಕೆಯ ಹೊಣೆ ವಿಶ್ವವಿದ್ಯಾಲಯದ್ದು, ಸಂಶೋಧಕನದ್ದು. ಪಟ್ಟಿ ಇದ್ದಾಗಲೂ ಅದರಲ್ಲಿದ್ದ ಪತ್ರಿಕೆಗಳ ಹೆಸರನ್ನೇ ಕದ್ದು ನಕಲಿ ಜಾಲತಾಣ ಕಟ್ಟಿ ಹಣ ವಸೂಲು ಮಾಡಿದವರಿದ್ದರು. ಹಾಗಾಗಿ ಪಟ್ಟಿ ಹೋಯಿತೆಂದು ನಾನು ಕಣ್ಣೀರು ಹಾಕುವುದಿಲ್ಲ.

ಐಎಸ್‌ಎಸ್‌ಎನ್ ಎಂಬುದು ಪತ್ರಿಕೆಗಳಿಗೆ ಕೊಡುವ ಗುರುತಿನ ಸಂಖ್ಯೆ, ಮನೆಯ ಬಾಗಿಲಿಗೆ ಬರೆದ ನಂಬರಿನಂತೆ, ಅಷ್ಟೇ. ದೆಹಲಿಯ ರಾಷ್ಟ್ರೀಯ ಕೇಂದ್ರದಿಂದ ಅದು ಪುಕ್ಕಟೆಯಾಗಿ ಸಿಗುತ್ತದೆ. ಸಂಕಿರಣದ ಸಂಪುಟಗಳಿಗೆ ಅಚ್ಚು ಹಾಕುವ ಪುಸ್ತಕ ಸಂಖ್ಯೆ ಐಎಸ್‌ಬಿಎನ್ ಕೂಡ ಹಾಗೆಯೇ. ಅವೆರಡರಲ್ಲಿ ಯಾವುದೂ ಒಳಗಿರುವುದನ್ನು ಯಾರಾದರೂ ಓದಿ ಒಪ್ಪಿದ್ದಾರೆ ಎಂಬುದಕ್ಕೆ ಸಾಕ್ಷಿಯಲ್ಲ.

ಉತ್ತರ: ವೀರಗಲ್ಲು, ದಾವಣಗೆರೆ

ನಿಮ್ಮ ವಿಷಯವನ್ನು ಓದಿ ಸಂತೋಷವಾಯಿತು, ಏಕೆಂದರೆ ನಾನು ತುರುಗೊಳ್ (ದನಗಳನ್ನು ದೋಚುವ ಕಾಳಗದ) ವೀರಗಲ್ಲುಗಳ ಮೇಲೆ ಕೆಲಸ ಮಾಡಿದವಳು. ದನಕ್ಕಾಗಿ ಸತ್ತವರು ನನ್ನವರು, ದನಕ್ಕಾಗಿ ಬದುಕುವವರು ನಿಮ್ಮವರು. ನಾನೂ ಮೊದಲು ಮೋಸಹೋದವಳೇ. ಹಣ ಪಡೆದು ಪ್ರಕಟಿಸಿದ ಒಂದು ಪತ್ರಿಕೆಯಲ್ಲಿ, ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬೆರಳಚ್ಚಿಸಿದ್ದ ನನ್ನ ಶಾಸನ ಪಾಠ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಅಚ್ಚಾಗಿತ್ತು. ಒಬ್ಬರಾದರೂ ಆ ಪುಟವನ್ನು ನೋಡಿದ್ದರೆ ಅದು ಹಾಗೆ ಹೊರಗೆ ಬರುತ್ತಿರಲಿಲ್ಲ. ಅಂದಿನಿಂದ ಯೂನಿಕೋಡ್ ಅಲ್ಲದೆ ಬೇರೆ ಯಾವುದರಲ್ಲೂ ಬೆರಳಚ್ಚಿಸುವುದಿಲ್ಲ. ಯೂನಿಕೋಡ್‌ನಲ್ಲಿದ್ದರೆ ಮಾತ್ರ ನಾಳೆ ಯಾರಾದರೂ ಕಿಲಾರಿ ಎಂದು ಹುಡುಕಿದಾಗ ನಿಮ್ಮ ಲೇಖನ ಅವರಿಗೆ ಸಿಕ್ಕೀತು.

ಎಲ್ಲಿಗೆ ಕಳುಹಿಸಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಪಟ್ಟಿ ಒಂದೇ: ನಿಮ್ಮ ಅಡಿಟಿಪ್ಪಣಿಗಳು. ನಿಮ್ಮ ಪ್ರಬಂಧದ ಮೊದಲ ಎರಡು ಅಧ್ಯಾಯಗಳನ್ನು ತೆರೆದು, ಅಲ್ಲಿ ಯಾವ ಯಾವ ಪತ್ರಿಕೆಗಳ ಲೇಖನಗಳನ್ನು ಉಲ್ಲೇಖಿಸಿದ್ದೀರಿ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ನಿಮಗೆ ಉಪಯೋಗಕ್ಕೆ ಬಂದ ಪತ್ರಿಕೆಯ ಓದುಗರೇ ನಿಮ್ಮ ಲೇಖನಕ್ಕೂ ಓದುಗರು. ನಾನು ಹೀಗೆ ಲೆಕ್ಕ ಹಾಕಿದಾಗ ಮೂರು ಹೆಸರುಗಳು ಮತ್ತೆ ಮತ್ತೆ ಬಂದವು, ಮಿಂಚಂಚೆ ಕಳುಹಿಸುತ್ತಿದ್ದವರಲ್ಲಿ ಒಬ್ಬರ ಹೆಸರೂ ಬರಲಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ನಡೆಸಿದ ನಿಮ್ಮ ಮೊಳಕಾಲ್ಮೂರಿನ ಬ್ರಹ್ಮಗಿರಿಯ ಉತ್ಖನನದ ವರದಿಯನ್ನೇ ನೋಡಿ: ಅದು ಪುರಾತತ್ವ ಇಲಾಖೆಯ ‘ಏನ್ಷಿಯಂಟ್ ಇಂಡಿಯಾ’ ಪತ್ರಿಕೆಯಲ್ಲಿ ಬಂದದ್ದರಿಂದ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಬರೆಯುವವರೆಲ್ಲರೂ ಅದನ್ನು ತೆರೆಯಲೇಬೇಕಾಯಿತು.

ಕನ್ನಡದಲ್ಲಿ ಬರೆದರೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲಿಯೇ ಮಂಡಿಸಬಹುದು, ಅಲ್ಲಿನ ಪ್ರಬಂಧಗಳು ‘ಇತಿಹಾಸ ದರ್ಶನ’ ಸಂಪುಟದಲ್ಲಿ ಬರುತ್ತವೆ. ಹೊಸ ಶಾಸನವೊಂದು ಸಿಕ್ಕಿತೆಂದರೆ ಜಿಲ್ಲೆಯ ಹವ್ಯಾಸಿಗಳು, ಹೈಸ್ಕೂಲು ಮೇಷ್ಟ್ರುಗಳು, ಪ್ರಾಧ್ಯಾಪಕರು ಒಂದೇ ಸಾಲಿನಲ್ಲಿ ಕುಳಿತು ಕೇಳುವ ಸಭೆ ಅದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ‘ಜಾನಪದ ಕರ್ನಾಟಕ’, ಮೈಸೂರು ವಿಶ್ವವಿದ್ಯಾಲಯದ ‘ಪ್ರಬುದ್ಧ ಕರ್ನಾಟಕ’, ಕನ್ನಡ ಸಾಹಿತ್ಯ ಪರಿಷತ್ತಿನ ‘ಪರಿಷತ್ಪತ್ರಿಕೆ’ ಇವುಗಳ ಹಳೆಯ ಸಂಚಿಕೆಗಳನ್ನು ತೆಗೆದು, ನಿಮ್ಮ ವಸ್ತುವಿಗೆ ಹತ್ತಿರದ ಲೇಖನಗಳು ಯಾವುದರಲ್ಲಿ ಹೆಚ್ಚಿವೆ ಎಂದು ನೋಡಿರಿ. ಇಂಗ್ಲಿಷಿನಲ್ಲಿ ಬರೆಯುವುದಾದರೆ 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಥಿಕ್ ಸೊಸೈಟಿಯ ತ್ರೈಮಾಸಿಕವೂ ಇದೆ.

ಸಂಕಿರಣದ ವಿಚಾರದಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುತ್ತೇನೆ. ಹಿಂದೊಮ್ಮೆ ಒಂದು ದಿನದ ರಾಷ್ಟ್ರೀಯ ಸಂಕಿರಣಕ್ಕೆ ಬೆಳಗಿನ ಐದರ ಬಸ್ಸು ಹಿಡಿದು ಹೋಗಿದ್ದೆ. ಉದ್ಘಾಟನೆ, ಸನ್ಮಾನ, ಹಾರ ತುರಾಯಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಮಧ್ಯಾಹ್ನ ಒಂದೇ ಕೊಠಡಿಯಲ್ಲಿ ನಲವತ್ತು ಪ್ರಬಂಧಗಳು, ತಲಾ ನಾಲ್ಕು ನಿಮಿಷ. ಶಾಸನದ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ಪ್ರಮಾಣಪತ್ರ ಮಾತ್ರ ಬಹಳ ದಪ್ಪ ಕಾಗದದಲ್ಲಿತ್ತು. ಈಗ ಆಹ್ವಾನ ಬಂದರೆ ಎರಡನ್ನು ಮಾತ್ರ ಕೇಳುತ್ತೇನೆ: ಪ್ರತಿ ಮಂಡನೆಗೆ ಎಷ್ಟು ಸಮಯ, ಮತ್ತು ಸಾರಲೇಖವನ್ನು ಓದಿ ಆರಿಸುವವರು ಯಾರು. ಇವೆರಡಕ್ಕೂ ನೇರ ಉತ್ತರ ಬರದಿದ್ದರೆ ಬಸ್ಸಿನ ದುಡ್ಡು ಉಳಿಯಿತು ಎಂದುಕೊಳ್ಳುತ್ತೇನೆ.

ವಿಷಯಕ್ಕೆ ಸಂಬಂಧಿಸಿದ ಇನ್ನೊಂದು ಸಣ್ಣ ಸೂಚನೆಯೂ ಇದೆ. ದನಗಾಹಿಗಳ ಪೂರ್ವೇತಿಹಾಸಕ್ಕಾಗಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳನ್ನು ನೋಡುವಿರಾದರೆ ಚಿತ್ರದುರ್ಗದ 11ನೆಯ ಸಂಪುಟಕ್ಕೇ ನಿಲ್ಲಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಹೊನ್ನಾಳಿ, ಚನ್ನಗಿರಿಗಳ ಶಾಸನಗಳು ಶಿವಮೊಗ್ಗದ 7ನೆಯ ಸಂಪುಟದಲ್ಲಿವೆ. ಇದು ತಿಳಿಯದೆ ನಾನು ಒಂದು ತಿಂಗಳು ಕಳೆದಿದ್ದೇನೆ.

ಉತ್ತರ: ಗಿರಣಿ ಸೈರನ್, ದಾವಣಗೆರೆ

ಮೇಲಿನವರ ಮಾತುಗಳನ್ನು ಬಹುಪಾಲು ಒಪ್ಪುತ್ತೇನೆ, ಒಂದನ್ನು ಬಿಟ್ಟು. ಕನ್ನಡದಲ್ಲಿ ಬರೆದದ್ದು ಲೆಕ್ಕಕ್ಕೆ ಬರುತ್ತದೆ ಎಂಬುದು ನಿಯಮದ ಮಟ್ಟಿಗೆ ನಿಜ. ಅಧ್ಯಾಪಕರ ನೇಮಕಾತಿಗೆ ಸಂಬಂಧಿಸಿದ 2018ರ ಯುಜಿಸಿ ನಿಯಮಾವಳಿಯ ಅಂಕಪಟ್ಟಿ ಭಾಷೆಯ ಭೇದ ಮಾಡುವುದಿಲ್ಲ, ಮಾನವಿಕದವರಿಗೆ ಪ್ರತಿ ಲೇಖನಕ್ಕೆ 10 ಅಂಕ. ಆದರೆ ಸಂದರ್ಶನದ ಕೋಣೆಯ ಹವಾ ಬೇರೆ. ಕರ್ನಾಟಕದಾಚೆಯ ತಜ್ಞರೊಬ್ಬರು ಕುಳಿತಿದ್ದರೆ ಅವರಿಗೆ ಓದಲು ಏನನ್ನು ಕೊಡುತ್ತೀರಿ? ನಾನು ಹತ್ತಿ ಗಿರಣಿ ಕಾರ್ಮಿಕರ ಮೌಖಿಕ ಇತಿಹಾಸದ ಮೇಲೆ ನಾಲ್ಕು ಲೇಖನಗಳನ್ನು ಕನ್ನಡದಲ್ಲಿ ಬರೆದಿದ್ದೆ. ನಾಲ್ಕರಲ್ಲಿ ಒಂದನ್ನಾದರೂ ಇಂಗ್ಲಿಷಿನಲ್ಲಿ ಬರೆಯಬೇಕಿತ್ತು ಎಂದು ನನ್ನ ಸಂದರ್ಶನದ ದಿನ ಅನ್ನಿಸಿತು.

ನಿಮ್ಮ ಸಾಮಗ್ರಿಗೆ ಹೊರಗೂ ಜಾಗವಿದೆ. ಜಪಾನಿನ ನಾನ್‌ಝಾನ್ ವಿಶ್ವವಿದ್ಯಾಲಯದ ‘ಏಷ್ಯನ್ ಎತ್ನಾಲಜಿ’ ಮತ್ತು 1986ರಿಂದ ಬರುತ್ತಿರುವ ‘ಓರಲ್ ಟ್ರೆಡಿಷನ್’ ಎರಡೂ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿವೆ, ಲೇಖಕರಿಂದ ಹಣ ಕೇಳುವುದಿಲ್ಲ. ಸಾಮಾಜಿಕ ಇತಿಹಾಸದ ಕಡೆಯಿಂದ, ಅಂದರೆ ಮೇವಿನ ಬರ, ಕಾವಲುಗಳು (ದನ ಮೇಯುವ ಹುಲ್ಲುಗಾವಲುಗಳು) ಕೈತಪ್ಪಿದ್ದು, ಗೋಶಾಲೆಯ ರಾಜಕಾರಣ ಇತ್ಯಾದಿಗಳನ್ನು ಬರೆಯುವುದಾದರೆ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ ಇದೆ. ಅದೂ ಶುಲ್ಕ ಕೇಳುವುದಿಲ್ಲ. ಇಲ್ಲೆಲ್ಲ ಉತ್ತರ ಬರಲು ತಿಂಗಳುಗಳು ಹಿಡಿಯುತ್ತವೆ, ಮೊದಲ ಉತ್ತರ ತಿರಸ್ಕಾರವೇ ಆಗಿರಬಹುದು. ಹಾಗೆಂದು ಒಂದೇ ಲೇಖನವನ್ನು ಎರಡು ಕಡೆಗೆ ಒಟ್ಟಿಗೆ ಕಳುಹಿಸಬೇಡಿ, ಸಿಕ್ಕಿಬಿದ್ದರೆ ಎರಡೂ ಬಾಗಿಲುಗಳು ಮುಚ್ಚುತ್ತವೆ. ನನಗೆ ಬಂದ ಒಂದು ತಿರಸ್ಕಾರದ ಜೊತೆಗೆ ಮೂರು ಪುಟಗಳ ಟಿಪ್ಪಣಿ ಇತ್ತು. ಗಿರಣಿಯ ಪಾಳಿ ಲೆಕ್ಕವನ್ನು ನಾನು ತಪ್ಪಾಗಿ ಅರ್ಥಮಾಡಿಕೊಂಡಿದ್ದೆ ಎಂದು ತಿಳಿದದ್ದೇ ಅದರಿಂದ.

ಸುದ್ದಿ ತಿಳಿಯುವ ದಾರಿಯ ಬಗ್ಗೆ ಹೇಳುವುದಾದರೆ, ಮಾನವಿಕ ವಿದ್ವಾಂಸರ ಜಾಲತಾಣ ಎಚ್-ನೆಟ್‌ನ ಪ್ರಕಟಣೆಗಳನ್ನು ವಾರಕ್ಕೊಮ್ಮೆ ನೋಡಿರಿ. ಐಸಿಎಸ್‌ಎಸ್‌ಆರ್ ಮತ್ತು ಐಸಿಎಚ್‌ಆರ್ (ಸಮಾಜ ವಿಜ್ಞಾನ ಮತ್ತು ಇತಿಹಾಸದ ಭಾರತೀಯ ಸಂಶೋಧನಾ ಮಂಡಳಿಗಳು) ಜಾಲತಾಣಗಳನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು. ಪಿಎಚ್‌.ಡಿ. ವಿದ್ಯಾರ್ಥಿಗಳು ಬೇರೆ ಊರಿನ ಗ್ರಂಥಾಲಯ ಮತ್ತು ಪತ್ರಾಗಾರಗಳಿಗೆ ಹೋಗಿಬರಲು ಐಸಿಎಚ್‌ಆರ್ ಧನಸಹಾಯ ಕೊಡುತ್ತದೆ, ನಮ್ಮ ಕಡೆಯವರು ಅದನ್ನು ಕೇಳುವುದು ಕಡಿಮೆ. ಭಾರತೀಯ ಇತಿಹಾಸ ಕಾಂಗ್ರೆಸ್ಸಿನ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್ ಕೊನೆಗೆ ನಡೆಯುತ್ತದೆ. ಸದಸ್ಯರಾಗಿ ಪ್ರಬಂಧವನ್ನು ಮೊದಲೇ ಕಳುಹಿಸಬೇಕು, ಆಯ್ದವು ಮಾತ್ರ ನಡಾವಳಿಯಲ್ಲಿ ಅಚ್ಚಾಗುತ್ತವೆ. ಸಾವಿರ ಜನರ ಜಾತ್ರೆಯಾದರೂ ನಿಮ್ಮ ವಿಭಾಗದ ಕೋಣೆಯಲ್ಲಿ ನಿಮ್ಮ ಕೆಲಸ ಬಲ್ಲ ನಾಲ್ಕು ಜನ ಸಿಕ್ಕೇ ಸಿಗುತ್ತಾರೆ.

ಪ್ರಶ್ನೆ ಕೇಳಿದವರಿಂದ: ಹಟ್ಟಿಯವನು, ಚಿತ್ರದುರ್ಗ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಅಡಿಟಿಪ್ಪಣಿಗಳನ್ನು ಎಣಿಸಿದೆ. ಎರಡು ಅಧ್ಯಾಯಗಳಲ್ಲಿ ಪತ್ರಿಕಾ ಲೇಖನಗಳು ಹತ್ತೊಂಬತ್ತು. ‘ಜಾನಪದ ಕರ್ನಾಟಕ’ ಆರು ಸಲ, ‘ಇತಿಹಾಸ ದರ್ಶನ’ ಐದು ಸಲ ಬಂದಿದೆ. ನಾನು ಹಣ ಕಟ್ಟಿದ್ದ ಪತ್ರಿಕೆಯ ಹೆಸರು ಒಮ್ಮೆಯೂ ಇಲ್ಲ, ಅಂದರೆ ಅಲ್ಲಿ ಬರೆದ ನಾನೇ ಅದನ್ನು ಓದುತ್ತಿರಲಿಲ್ಲ. ಗುಡಿಕಟ್ಟುಗಳ ಅಧ್ಯಾಯವನ್ನು ಕನ್ನಡದಲ್ಲಿ ಅಕಾಡೆಮಿಯ ಸಮ್ಮೇಳನಕ್ಕೆ ಸಿದ್ಧಪಡಿಸುತ್ತೇನೆ. ಹಾಡುಗಳನ್ನು ಮೂಲಪಾಠ ಮತ್ತು ಅನುವಾದದೊಡನೆ ಇಂಗ್ಲಿಷಿನಲ್ಲಿ ಬರೆಯಲು ಒಂದು ವರ್ಷವಾದರೂ ಬೇಕು.

ಒಂದು ಸಂದೇಹ ಉಳಿದಿದೆ. ಎರಡೂ ಲೇಖನಗಳಿಗೆ ಮಾರ್ಗದರ್ಶಕರ ಹೆಸರನ್ನು ಸೇರಿಸಲೇಬೇಕೆ? ಕ್ಷೇತ್ರಕಾರ್ಯಕ್ಕೆ ಅವರು ಬಂದಿರಲಿಲ್ಲ.

ಉತ್ತರ: ಹಳೆಯ ಮೇಷ್ಟ್ರು, ಹೊಳಲ್ಕೆರೆ

ಸೇರಿಸಲೇಬೇಕೆಂಬ ನಿಯಮವಿಲ್ಲ. ಇಬ್ಬರ ಹೆಸರಿದ್ದರೆ ಆ ಲೇಖನದ ಅಂಕದಲ್ಲಿ ಒಬ್ಬೊಬ್ಬರಿಗೆ ಶೇ 70 ಮಾತ್ರ ಸಿಗುತ್ತದೆ ಎಂಬುದೂ ನೆನಪಿರಲಿ. ಅವರು ವಾದವನ್ನು ತಿದ್ದಿ ಕಟ್ಟಿಕೊಟ್ಟಿದ್ದರೆ ಹೆಸರು ನ್ಯಾಯ. ಕರಡು ಓದಿ ಕಾಗುಣಿತ ತಿದ್ದಿದ್ದರೆ ಕೃತಜ್ಞತೆಯ ಸಾಲು ಸಾಕು. ಈ ಮಾತನ್ನು ಲೇಖನ ಕಳುಹಿಸಿದ ಮೇಲೆ ಎತ್ತಬೇಡಿ, ಸಾರಲೇಖ ಬರೆಯುವಾಗಲೇ ಅವರ ಮುಂದೆ ಕುಳಿತು ಕೇಳಿಬಿಡಿ. ಹಾಡು ಹೇಳಿದ ಕಿಲಾರಿಗಳನ್ನೂ ಅವರ ಹೆಸರು ಹಾಕಬಹುದೇ ಎಂದು ಕೇಳಿರಿ. ಒಪ್ಪಿದರೆ ಮೂಲಪಾಠದ ತಲೆಯ ಮೇಲೆಯೇ ಹಾಕಿ, ಅಡಿಟಿಪ್ಪಣಿಯಲ್ಲಿ ಬೇಡ.